ಹಳದಿ ಗೆರೆ

ಸಂಪದಾ ಚಟ್ಟದ ಹಗ್ಗವನ್ನು ಎಳೆದು ನೋಡಿದಳು. ಕಾಲಿನ ಕಡೆಯ ಗಂಟು ಸರಕ್ಕನೆ ಜಾರಿತು.

"ಇದು ಸಡ್ಲ ಅದ ಮಾಮಾ. ಬಿಚ್ಚಿ ಮತ್ತ ಕಟ್ರಿ."

ಕಟ್ಟುತ್ತಿದ್ದ ಅಮರೇಶಪ್ಪ ತಲೆಯೆತ್ತಿದ. ಪಕ್ಕದ ಲೇತ್ ಅಂಗಡಿಯವನು, ನಲವತ್ತು ವರ್ಷ ಸತ್ತವನ ಜೊತೆ ದಿನಕ್ಕೆ ನಾಲ್ಕು ಸಲ ಚಹಾ ಕುಡಿದವನು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದ.

"ನಿಮ್ಮಪ್ಪನೇ ಎದ್ದು ಕುಂತು ಹೇಳಿದಂಗಾತು ನೋಡವಾ," ಎಂದು ಕಣ್ಣೊರೆಸಿಕೊಂಡು ಗಂಟು ಬಿಚ್ಚಿದ.

ಅಪ್ಪ, ಅಂದರೆ ವಾಸುದೇವ, ಅಂಗಳದ ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಮಲಗಿದ್ದ. ಎಪ್ಪತ್ತೆರಡು ವರ್ಷ. ನಿನ್ನೆ ಸಂಜೆ ಚಹಾದ ಲೋಟ ಕೆಳಗಿಟ್ಟವನು ಮತ್ತೆ ಎತ್ತಿಕೊಳ್ಳಲಿಲ್ಲ. ಅವ್ವ, ಯಮುನಾಬಾಯಿ, ಬೆಳಿಗ್ಗೆ ಅವನ ಕೈಗೆ ಸೀಗೆಪುಡಿ ಹಚ್ಚಿ ಉಜ್ಜಿ ಉಜ್ಜಿ ತೊಳೆದಿದ್ದಳು. ಆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ಆ ಕಪ್ಪೇ ಈ ಮನೆತನಕ್ಕೆ ದೊಡ್ಡ ಅವಮಾನವಾಗಿತ್ತು. ಕಲಬುರಗಿ ಕಡೆಯಿಂದ ಬಂದು ಮೂರು ತಲೆಮಾರು ಹೈದರಾಬಾದಿನ ಸರಕಾರಿ ಕಚೇರಿಗಳಲ್ಲಿ ಕುರ್ಚಿ ಸವೆಸಿದ ಜನ ಇವರು. ವಾಸುದೇವನೊಬ್ಬ ದಾರಿ ತಪ್ಪಿ ಸನತ್‌ನಗರದಲ್ಲಿ ತಗಡಿನ ಶೆಡ್ಡು ಹಾಕಿದ. ಮುಂದೆ ಶೆಡ್ಡು, ಹಿಂದೆ ಮನೆ. ಕಂಪನಿ ಕೊಟ್ಟ ಇಂಜಿನ್ನು ಸಾಲದೆಂದು ಟರ್ಬೋ, ಗ್ಯಾಸ್ ಕಿಟ್ಟು, ದಪ್ಪ ಸೈಲೆನ್ಸರು ಅಂತ ಹೊರಗಿನ ಸಾಮಾನು ಕೊಂಡುತರುವ ಶೋಕಿಯ ಜನಕ್ಕೆ ಊರಿನಲ್ಲೇನೂ ಬರವಿಲ್ಲ. ಅದನ್ನು ಕೂಡಿಸುವವರೂ ಬೇಕಾದಷ್ಟಿದ್ದರು. ಕೂಡಿಸಿದ್ದು ಬಿಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವವನು ವಾಸುದೇವನೊಬ್ಬನೇ ಎಂದು ಹೆಸರಾಗಿತ್ತು.

"ಹೊರಗಿನ ಸಾಮಾನು ಅಂದ್ರ ಹೊಸಾ ಸೊಸಿ ಇದ್ದಂಗ," ಎನ್ನುತ್ತಿದ್ದ. "ಮನಿಗೆ ಹೊಂದ್ಕೋಳಾಕ ನಾಕು ದಿನಾ ಬೇಕು." ಇಂಜಿನ್ನು ಕಾಯುತ್ತದೆ, ಆರುತ್ತದೆ, ಹೊಸ ಗ್ಯಾಸ್ಕೆಟ್ಟು ಕೂಡುತ್ತದೆ, ಆಗ ಎಷ್ಟೇ ಬಿಗಿದ ಬೋಲ್ಟೂ ಒಂದು ಕೂದಲಿನಷ್ಟು ಸಡಿಲವಾಗುತ್ತದೆ. ಆ ಕೂದಲಿನಷ್ಟೇ ಮುಂದೆ ಇಂಜಿನ್ನು ತಿನ್ನುತ್ತದೆ. ಅದಕ್ಕೇ ಅವನದೊಂದು ಕಟ್ಟಳೆ. ಬೋಲ್ಟು ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹದ ತನಕ ಶಾಖ ತಡೆಯುವ ಬಣ್ಣದಿಂದ ಒಂದು ಗೆರೆ ಎಳೆಯುವುದು. ಬೋಲ್ಟು ಅಲುಗಿದರೆ ಗೆರೆ ಮುರಿಯುತ್ತದೆ. ನೂರು ಕಿಲೋಮೀಟರ್ ಓಡಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ತಂಪು ಇಂಜಿನ್ನಿನ ಗಾಡಿಯನ್ನು ಗಿರಾಕಿ ಮತ್ತೆ ತರಬೇಕು. ತರುವ ತನಕ ಅವನ ಸ್ಟೆಪ್ನಿ ಚಕ್ರ ಶೆಡ್ಡಿನಲ್ಲಿ ಒತ್ತೆ. ಜನ ಬೈದರು, ನಕ್ಕರು, ಕಡೆಗೆ ಸ್ಟೆಪ್ನಿ ವಾಸುದೇವ ಎಂದು ಹೆಸರಿಟ್ಟರು. ಆದರೆ ತಪ್ಪದೆ ಬಂದರು.

ಇವತ್ತೂ ಬಂದಿದ್ದರು. ಗಲ್ಲಿಯ ಎರಡೂ ಬದಿಗೆ ಮೂವತ್ತು ನಲವತ್ತು ಗಾಡಿ ನಿಂತಿದ್ದವು. ಕೆಲವರ ಕೈಯಲ್ಲಿ ಹೂವಿನ ಹಾರ, ಕೆಲವರ ಕೈಯಲ್ಲಿ ಬರೀ ಗಾಡಿಯ ಕೀಲಿ.

ಬೆಳ್ಳಗಿನ ಪಂಚೆಯುಟ್ಟು ನಿಂತಿದ್ದ ಹೇಮಂತ ಕಾಕಾ ಅವರ ಕಡೆ ತಿರುಗಿ ಗಂಟಲು ಸರಿ ಮಾಡಿಕೊಂಡ. ವಾಸುದೇವನ ತಮ್ಮ, ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತನಾದವನು. ಗಂಡುಮಕ್ಕಳಿಲ್ಲದ ಅಣ್ಣನಿಗೆ ಬೆಂಕಿ ಕೊಡುವವನು ಅವನೇ.

"ಎಲ್ಲಾರೂ ಬಂದೀರಿ, ಭಾಳ ಛಲೋ ಆತು. ಒಂದು ಮಾತು ಹೇಳ್ತೀನ್ರಿ. ನೀವೆಲ್ಲಾ ಬರ್ತಿದ್ದದ್ದು ನಮ್ಮಣ್ಣನ ಕೈ ನಂಬಿ. ನಾನು ನನ್ನ ಗಾಡೀಗೆ ಗ್ಯಾಸ್ ಕಿಟ್ಟು ಹಾಕಿಸಿದಾಗ ಬ್ಯಾರೆ ಯಾರನ್ನೂ ಮುಟ್ಟಗೊಡ್ಲಿಲ್ಲ. ಎರಡು ವರ್ಷಾತು, ಒಂದು ಬೋಲ್ಟು ಅಲಗಿಲ್ಲ. ಆ ಕೈ ಹೋತು. ಇನ್ನ ಶೆಡ್ಡು ಇಟ್ಕೊಂಡು ಏನ್ ಮಾಡೋದು? ಗೋಡೌನಿಗೆ ಕೇಳ್ಯಾರ, ಕೊಟ್ಟುಬಿಡ್ತೀವಿ."

ಸಂಪದಾಳಿಗೆ ಶೆಡ್ಡು ಬೇಕು ಎಂದು ಕೂಗಬೇಕೆನಿಸಿತು. ಇಪ್ಪತ್ತು ವರ್ಷ ದುಡಿದ ಜಾಗ, ಅದು ಬಿಟ್ಟು ಅವಳಿಗೆ ಬೇರೆ ಲೋಕವೇ ಇಲ್ಲ. ಆದರೆ ಬಾಯಿ ತೆರೆದರೆ ಒಂದು ಗುಟ್ಟೂ ಹೊರಗೆ ಬರಬೇಕಾಗುತ್ತಿತ್ತು. ಅದೂ ಅಪ್ಪನ ಹೆಣದ ಮುಂದೆ. ಅವಳು ಚಟ್ಟದ ಪಕ್ಕ ಕೂತು ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದಳು.

*

ಎರಡೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪನ ಕೈಯಿಂದ ಬೋಲ್ಟು ಜಾರಿ ಇಂಜಿನ್ನಿನ ಸಂದಿಗೆ ಬಿತ್ತು. ಅವನು ನಕ್ಕ. ಮರುದಿನ ಮತ್ತೆ ಬಿತ್ತು. ಮೂರನೆಯ ದಿನ ನಗಲಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟ. ಕೈ ನಡುಗುತ್ತಿತ್ತು.

ಸಂಪದಾ ಅವನ ತೊಡೆಯ ಮೇಲಿದ್ದ ಪಾನಾ ಎತ್ತಿಕೊಂಡಳು. ಪಾನಾ ಎಂದರೆ ಬೋಲ್ಟು ಬಿಗಿಯುವ ಉದ್ದನೆಯ ಹಿಡಿಕೆ. ಸರಿಯಾದಷ್ಟು ಬಿಗಿಯಾದೊಡನೆ ಟಕ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಮಧ್ಯದಿಂದ ಹೊರಕ್ಕೆ, ಒಂದು ಈ ಕಡೆ ಒಂದು ಆ ಕಡೆ, ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಎಂಟು ಬೋಲ್ಟಿಗೆ ಎಂಟು ಟಕ್. ಅಪ್ಪ ಕಣ್ಣು ಮುಚ್ಚಿಕೊಂಡು ಒಂದೊಂದನ್ನೂ ಕೇಳಿಸಿಕೊಂಡ.

ಅಂದಿನಿಂದ ಬೋಲ್ಟೆಲ್ಲ ಅವಳದೇ. ಆದರೆ ಗಿರಾಕಿ ಬಾಗಿಲಲ್ಲಿ ಕಂಡರೆ ಓಡಿಬಂದು ಪಾನಾವನ್ನು ಅಪ್ಪನ ಕೈಗೆ ತುರುಕುತ್ತಿದ್ದಳು. ಈಗಷ್ಟೇ ಅವನೇ ಬಿಗಿದು ಮುಗಿಸಿದ ಎನ್ನುವ ಹಾಗೆ. ಅವನ ಮರ್ಯಾದೆ ಕಾಯುವ ಹಟ ಅವಳಿಗೆ. ಅವನು ಪಾನಾ ಹಿಡಿದು ಆಜ್ಞಾಧಾರಕ ಹುಡುಗನ ಹಾಗೆ ಕೂತಿರುತ್ತಿದ್ದ.

ಅದೇ ವಾರ ಅಪ್ಪ ಗೆರೆ ಎಳೆಯುವ ಬಿಳಿ ಬಣ್ಣದ ಡಬ್ಬಿ ಎಸೆದು ಹಳದಿಯದು ತಂದ.

"ಬಿಳಿ ಯಾಕ ಬ್ಯಾಡಪ್ಪಾ?"

"ನನ್ನ ಕಣ್ಣಿಗೆ ಹಳದೀನ ಛಲೋ ಕಾಣ್ತದ."

ಇನ್ನೊಂದು ಹೊಸ ಚಾಳಿಯೂ ಶುರುವಾಯಿತು. ಎರಡನೆಯ ಬಿಗಿತ ಮುಗಿದು ಸ್ಟೆಪ್ನಿ ವಾಪಸು ಕೊಡುವಾಗ ಗಿರಾಕಿಯ ಹೆಗಲ ಮೇಲೆ ಕೈ ಹಾಕಿ ಬೇವಿನ ಮರದ ಕೆಳಗೆ ಕರೆದೊಯ್ದು ಏನೋ ಪಿಸುಗುಟ್ಟುತ್ತಿದ್ದ. ವಯಸ್ಸಾದವರಿಗೆ ಮಾತು ಹೆಚ್ಚು ಎಂದುಕೊಂಡು ಸಂಪದಾ ಅದನ್ನು ಕೇಳಲು ಹೋಗಲಿಲ್ಲ.

*

ಗಲ್ಲಿಯ ತಿರುವಿನಲ್ಲಿ ಖಡಖಡ ಸದ್ದು ಕೇಳಿತು.

ಅಂಗಳದಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಅಳುತ್ತಿದ್ದವರು ಅಳು ನಿಲ್ಲಿಸಿದರು. ವೈಕುಂಠ ರಥ ಬರುತ್ತಿತ್ತು. ಹೆಣ ಒಯ್ಯುವ ಬಿಳಿ ವ್ಯಾನು, ಹಣೆಯ ಮೇಲೆ ಪ್ಲಾಸ್ಟಿಕ್ ಹೂವು, ಹೊಟ್ಟೆಯ ಕೆಳಗೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಶಬ್ದ.

"ಹೊರಗಿನ ಸೈಲೆನ್ಸರು," ಎಂದ ಅಮರೇಶಪ್ಪ.

"ಜಾಯಿಂಟ್ ಹತ್ರ. ಎರಡು ಬೋಲ್ಟು ಲೂಸಿದೆ, ಒಂದು ಬಿದ್ದೇ ಹೋಗಿದೆ," ಎಂದ ಪ್ರಜ್ವಲ. ಮಂಗಳೂರಿನ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಗಾಡಿಗೆ ಟರ್ಬೋ ಹಾಕಿಸಿಕೊಳ್ಳಲು ಬಂದವನು ಸದ್ದು ಕೇಳಿ ರೋಗ ಹೇಳುವುದನ್ನೂ ಕಲಿತುಹೋಗಿದ್ದ.

ಸಂಪದಾ ಎದ್ದು ನಿಂತಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿನ ಕಡೆ ನಡೆದಳು. ಪಾನಾ ಹಿಡಿದು ಬಂದವಳನ್ನು ನೋಡಿ ಹೇಮಂತ ಕಾಕಾ ದಾರಿಗೆ ಅಡ್ಡ ಬಂದ.

"ಏನಿದು ಸಂಪದಾ? ಸೂತಕದಾಗ ಪಾನಾ ಹಿಡೀತಿ? ನಾಕು ಮಂದಿ ಏನಂದಾರು?"

ರಥದ ಡ್ರೈವರ್ ಯಾದಗಿರಿಯೂ ಇಳಿದುಬಂದ. "ಏಡಾದಿ ನುಂಚಿ ಅಟ್ಲನೇ ಉಂದಮ್ಮಾ. ಏಮ್ ಕಾದು." ಒಂದು ವರ್ಷದಿಂದ ಹಾಗೇ ಇದೆ, ಏನೂ ಆಗುವುದಿಲ್ಲ ಎಂಬುದು ಅವನ ವಾದ. ಇಲ್ಲಿಯ ತನಕ ಅವನ ಗಾಡಿಯಲ್ಲಿ ಹೋದವರು ಯಾರೂ ತಕರಾರು ಮಾಡಿರಲಿಲ್ಲವಲ್ಲ.

ಆಗ ಯಮುನಾಬಾಯಿ ಮಾತಾಡಿದಳು.

"ಹೇಮಂತಾ, ನಿಮ್ಮಣ್ಣ ಜೀವಮಾನದಾಗ ಸಪ್ಪಳ ಮಾಡೋ ಗಾಡ್ಯಾಗ ಕೂತವರಲ್ಲ. ಇವತ್ತ ಮಲಗಿಸಿ ಕಳಸ್ತೀಯೇನು?"

ಕಾಕಾ ಪಕ್ಕಕ್ಕೆ ಸರಿದ.

ಕಾಲು ಗಂಟೆ ಇಂಜಿನ್ನು ಆರಲು ಬಿಟ್ಟರು. ಆಮೇಲೆ ಸಂಪದಾ ಗೋಣಿಚೀಲ ಹಾಸಿ ರಥದ ಕೆಳಗೆ ನುಗ್ಗಿದಳು. ಪ್ರಜ್ವಲ ಟಾರ್ಚು ಹಿಡಿದ. ಹುಡುಗನ ಮಾತು ನಿಜವಾಗಿತ್ತು. ಸಡಿಲಾದ ಎರಡನ್ನೂ ಬಿಚ್ಚಿ ತಂತಿ ಬ್ರಶ್ಶಿನಿಂದ ಉಜ್ಜಿದಳು, ಮೂರನೆಯದಕ್ಕೆ ಶೆಡ್ಡಿನಿಂದ ತಂದ ಬೋಲ್ಟು ಹಾಕಿದಳು, ಮೂರಕ್ಕೂ ಹೊಸ ಸ್ಪ್ರಿಂಗ್ ವಾಷರು ಕೊಟ್ಟಳು. ಎಲ್ಲವನ್ನೂ ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಪಾನಾದಲ್ಲಿ. ಟಕ್. ಟಕ್. ಟಕ್. ಹೊರಗೆ ಪುರೋಹಿತರ ಮಂತ್ರ ನಿಂತಿತ್ತು. ಅವರೂ ಕೇಳುತ್ತಿದ್ದರು. ಆ ಮೂರು ಸದ್ದು ಮುಗಿಯುವ ಹೊತ್ತಿಗೆ ನಿನ್ನೆಯಿಂದ ಬಾರದ ಅಳು ಅವಳಿಗೆ ಬಂತು. ಮಲಗಿದಲ್ಲೇ ಅತ್ತಳು, ಅಳುತ್ತಲೇ ಕುಂಚ ತೆಗೆದು ಮೂರು ಬೋಲ್ಟಿಗೂ ಹಳದಿ ಗೆರೆ ಎಳೆದಳು.

ಹೊರಗೆ ಬಂದಾಗ ಪ್ರಜ್ವಲ ಟಾರ್ಚು ಆರಿಸದೆ ನಿಂತಿದ್ದ.

"ಅಕ್ಕ, ಶೆಡ್ಡು ಮುಚ್ಚಿದ್ರೆ ನಾವು ಎಲ್ಲಿಗೆ ಹೋಗೋದು?"

"ಅಪ್ಪನ ಕೈ ಹೋತಲ್ಲೋ," ಎಂದಳು, ಮುಖ ಒರೆಸಿಕೊಳ್ಳುತ್ತ.

"ನನ್ನ ಟರ್ಬೋ ಕೂಡಿಸಿದ್ದು ನಿಮ್ಮ ಕೈ."

ಸಂಪದಾ ಬೆಚ್ಚಿ ಸುತ್ತ ನೋಡಿದಳು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

"ಅಂಕಲ್ ಅವತ್ತೇ ಮರದ ಕೆಳಗೆ ನಿಲ್ಲಿಸಿ ಹೇಳಿದ್ರು. ಬಿಳಿ ಗೆರೆ ನಂದು, ಹಳದಿ ಗೆರೆ ನನ್ನ ಮಗಳದು. ನಂಬಿಕೆ ಇಲ್ಲದಿದ್ರೆ ಈಗಲೇ ಹೇಳು, ಬಿಚ್ಚಿ ಕೊಡ್ತೀನಿ ಅಂತ."

"ನನಗೂ ಹೇಳಿದ್ರು," ಎಂದ ಹಿಂದಿನಿಂದ ಒಬ್ಬ. "ಹಮ್ಕೋ ಭೀ," ಎಂದ ಇನ್ನೊಬ್ಬ.

"ಎಲ್ಲಾರಿಗೂ ಹೇಳ್ಯಾನ," ಎಂದ ಅಮರೇಶಪ್ಪ. "ಒಬ್ಬನೂ ಬಿಚ್ಚಿಸಿಕೊಂಡು ಹೋಗ್ಲಿಲ್ಲ. ಆಕಿಗೆ ಮಾತ್ರ ಹೇಳಬ್ಯಾಡ್ರಿ, ನನ್ನ ಮರ್ಯಾದಿ ಕಾಯಾಕತ್ತಾಳ, ಕಾಯಲಿ ಪಾಪ ಅಂತಿದ್ದ."

ಸಂಪದಾ ಅಪ್ಪನ ಕಡೆ ತಿರುಗಿದಳು. ಎರಡೂವರೆ ವರ್ಷ ಪಾನಾ ಹಿಡಿದು ಸುಮ್ಮನೆ ಕೂತು ಇಷ್ಟೊಂದು ಕಿತಾಪತಿ ಮಾಡಿದ್ದನೇ!

"ಅದೆಲ್ಲಾ ಇರ್ಲಿ," ಎಂದ ಹೇಮಂತ ಕಾಕಾ, ಪಟ್ಟು ಬಿಡದೆ. "ನನ್ನ ಗ್ಯಾಸ್ ಕಿಟ್ಟು ಮಾತ್ರ ಅಣ್ಣಂದೇ ಕೈ. ನನಗೇನೂ ಹೇಳಿಲ್ಲ ಅವನು."

"ನಿಮಗ ಹೇಳಿದ್ರ ನೀವು ಹಾಕಿಸ್ಕೋತಿದ್ರೇನ್ರಿ?" ಎಂದ ಅಮರೇಶಪ್ಪ. "ಬಾನೆಟ್ ಎತ್ರಿ, ನೋಡೂಣು."

ಕಾಕಾ ಬಿರಬಿರನೆ ನಡೆದು ತನ್ನ ಹಳೆಯ ಕಾರಿನ ಬಾನೆಟ್ಟು ಎತ್ತಿದ. ಬಗ್ಗಿದ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ಬಗ್ಗಿದ. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಕಣ್ಣು ತುಂಬಿತ್ತು.

"ಹಳದಿ," ಎಂದ. ಬಾನೆಟ್ಟು ಮುಚ್ಚುವುದನ್ನು ಮರೆತು ಬಂದುಬಿಟ್ಟ.

ಹೆಣವನ್ನು ರಥಕ್ಕೆ ಏರಿಸಿದರು. ಯಾದಗಿರಿ ಸ್ಟೇರಿಂಗಿನ ಹತ್ತಿರ ಹೋಗುವಷ್ಟರಲ್ಲಿ ಸಂಪದಾ ಕೂಗಿದಳು.

"ಸ್ಟೆಪ್ನಿ ಇಳಸಪಾ."

"ಸ್ಟೆಪ್ನಿ ಎಂದುಕಮ್ಮಾ?" ಯಾಕೆಂದು ಅವನಿಗೆ ಹೊಳೆಯಲಿಲ್ಲ.

"ಪೂರಾ ಆರದ ಇಂಜಿನ್ನಿಗೆ ಬಿಗದೀನಿ, ಇನ್ನೊಮ್ಮೆ ನೋಡಬೇಕು. ನೂರು ಕಿಲೋಮೀಟರ್ ಓಡಿಸಿ, ರಾತ್ರಿ ಪೂರಾ ಆರಾಕ ಬಿಟ್ಟು, ಮುಂಜಾನೆ ತಗೊಂಡು ಬಾ. ಅಲ್ಲೀತನಾ ಸ್ಟೆಪ್ನಿ ಇಲ್ಲೇ ಇರ್ತದ."

ಯಾದಗಿರಿ ಹಿರಿಯನೆಂದು ಕಾಕಾನ ಮುಖ ನೋಡಿದ. ಕಾಕಾನ ಕೈಯಲ್ಲಿ ಆಗಲೇ ಬೆಂಕಿಯ ಮಡಕೆ ಇತ್ತು.

"ನನ್ನೇನ್ ನೋಡ್ತೀ? ನಾಡಿದ್ದು ಮುಂಜಾನೆ ಬಾ. ಶೆಡ್ಡಿನ ಬಾಗಲಾ ತೆಗದಿರ್ತದ," ಎಂದ. ಆಮೇಲೆ ಯಾರೂ ಕೇಳದಿದ್ದರೂ ಸೇರಿಸಿದ: "ಸೂತಕ ನಮಗ. ಬೋಲ್ಟಿಗಲ್ಲ."

ಯಮುನಾಬಾಯಿ ಮಗಳ ಬೆನ್ನ ಮೇಲೆ ಕೈಯಿಟ್ಟು ರಥದ ಕಡೆ ನೂಕಿದಳು. "ನೀನೂ ಹತ್ತು. ಸಪ್ಪಳ ಬಂದ್ರ ಕೇಳಾಕ ಯಾರರ ಬೇಕಲ್ಲ."

ಸಂಪದಾ ಅಪ್ಪನ ಕಾಲಿನ ಬಳಿ ಕೂತು ಅಂಗೈಯನ್ನು ರಥದ ನೆಲಕ್ಕೆ ಒತ್ತಿ ಹಿಡಿದಳು. ರಥ ಹೊರಟಿತು. ಯಾದಗಿರಿ ಇಂಜಿನ್ನು ನಿಂತೇಹೋಯಿತೇನೋ ಎಂದು ಎರಡು ಸಲ ಬಗ್ಗಿ ಕಿವಿಗೊಟ್ಟ.

ಮೊದಲು ಪ್ರಜ್ವಲ ತನ್ನ ಗಾಡಿಯ ಬಾನೆಟ್ಟು ಎತ್ತಿದ. ಅವನ ಪಕ್ಕದವನು ಎತ್ತಿದ. ಆಮೇಲೆ ಎದುರು ಸಾಲಿನವರು. ಗಲ್ಲಿಯ ಕೊನೆಯ ತನಕ ಎರಡೂ ಬದಿಗೆ ಬಾನೆಟ್ಟುಗಳು ಒಂದೊಂದಾಗಿ ಮೇಲೆದ್ದವು, ನಡುವೆ ವೈಕುಂಠ ರಥ ಸದ್ದಿಲ್ಲದೆ ಸಾಗಿತು. ಹತ್ತು ಗಂಟೆಯ ಬಿಸಿಲು ಇಂಜಿನ್ನುಗಳ ಒಳಗೆ ಇಳಿದಿತ್ತು. ಹಿಂದೆ ಅಂಗಳದ ಗೋಡೆಗೆ ಒಂದು ಸ್ಟೆಪ್ನಿ ಒರಗಿ ನಿಂತಿತ್ತು. ಮುಂದೆ, ಎಡಕ್ಕೂ ಬಲಕ್ಕೂ, ಬೋಲ್ಟು ಬೋಲ್ಟಿನ ಮೇಲೂ ಸಂಪದಾಳ ಹಳದಿ ಗೆರೆಗಳು ಹೊಳೆಯುತ್ತಿದ್ದವು. ಒಂದೂ ಮುರಿದಿರಲಿಲ್ಲ.