ನಲವತ್ತೇಳರ ಷರಾ

ಬಸ್ಸಿನ ಕಿಟಕಿಯ ಗಾಜಿನ ಮೇಲೆ ಯಾರದೋ ಹೆಬ್ಬೆರಳಿನ ಗುರುತು, ಎಣ್ಣೆ ಕೈಯೋ ಬೆವರು ಕೈಯೋ, ಇಳಿಬಿಸಿಲು ತಾಗಿದಾಗ ಗೆರೆ ಗೆರೆಯಾಗಿ ಎದ್ದು ಕಾಣುತ್ತದೆ, ಮರದ ನೆರಳು ಬಂತೋ ಮಾಯ, ಮತ್ತೆ ಬಿಸಿಲು, ಮತ್ತೆ ಗುರುತು — ಇಡೀ ಬೆರಳು, ಸುತ್ತು ಸುತ್ತೂ ಇದೆ, ಅರ್ಧ ಅಲ್ಲ. ಒರೆಸಲು ಕರ್ಚೀಪು ತೆಗೆದವಳು ಹಾಗೇ ಮುದುರಿ ಮಡಿಲಲ್ಲಿಟ್ಟುಕೊಂಡಳು, ಬೇಡ ಕಣೇ, ನೀನು ಅಳಿಸಿದ್ದು ಸಾಕು, ಇದಾದರೂ ಇರಲಿ ಬಿಡು. ಇನ್ನು ಆರು ಸ್ಟಾಪು. ಅಷ್ಟರೊಳಗೆ ಅಮ್ಮನಿಗೆ ಹೇಳುವ ಮಾತನ್ನು ಜೋಡಿಸಿಕೊಳ್ಳಬೇಕು, ಐವತ್ತೇಳು ವರ್ಷದ ಹೆಂಗಸು, ಮೂವತ್ತನಾಲ್ಕು ವರ್ಷದಿಂದ ದಾಖಲೆ ಕಚೇರಿಯಲ್ಲಿ ಹರಿದ ಪುಸ್ತಕ ಹೊಲಿಯುವವಳು, ಎಲ್ಲರ ಬಾಯಲ್ಲೂ ದಾರದಕ್ಕ, ದಾರದಕ್ಕ ಹೊಲಿದದ್ದು ನೂರು ವರ್ಷ ಬಿಚ್ಚಲ್ಲ ಬಿಡ್ರೀ ಎಂದು ಹೊಗಳಿಸಿಕೊಂಡವಳು, ಈಗ ನಾಲ್ಕು ಮಾತು ಜೋಡಿಸಲು ಬರುತ್ತಿಲ್ಲ ನೋಡು. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ, ಎದುರುಮನೆಯ ದರ್ಜಿಯಮ್ಮ ಪಕ್ಕದಲ್ಲಿ ಕಾಜ ಹಾಕುತ್ತಾ ಕೂತಿರುತ್ತಾಳೆ, ಪಾಪ, ಹೆತ್ತ ಮಗಳಿಗಿಂತ ಹೆಚ್ಚು ಅವಳೇ ಕೂತಿದ್ದಾಳೆ. ಡಾಕ್ಟರು ಬೆಳಿಗ್ಗೆ ಬಾಗಿಲ ಹೊರಗೆ ಕರೆದು, ನೀರೂ ಇಳೀತಿಲ್ಲ, ಇವತ್ತೋ ನಾಳೆಯೋ, ಹೇಳೋದು ಕೇಳೋದು ಏನಾದ್ರೂ ಇದ್ರೆ ಮುಗಿಸ್ಕೊಂಡ್ಬಿಡಿ ಅಂದರು. ಕೇಳುವುದನ್ನು ಅಮ್ಮ ಹದಿನೈದು ದಿನದ ಹಿಂದೆಯೇ ಕೇಳಿ ಮುಗಿಸಿದ್ದಾಳೆ. ನಿಮ್ಮ ಆಫೀಸಲ್ಲಿ ಹಳೇ ಕಾಲದ್ದೆಲ್ಲ ಇದೆಯಲ್ಲ, ಒಂದ್ಸಲ ನೋಡೇ, ನಮ್ಮಮ್ಮ ಅನ್ನೋಳು ನನ್ನ ನೋಡೋಕೆ ಒಂದೇ ಒಂದು ಸಲ ಬಂದಿದ್ಲಾ ಅಂತ, ಬಂದಿರಲ್ಲ, ಗೊತ್ತು ನಂಗೆ, ಆದ್ರೂ ನೋಡು. ನೋಡಿದೆ ಅಮ್ಮಾ. ನೋಡಿದ್ದಾಯಿತು. ಒಲೆಯ ಬೆಳಕಿನಲ್ಲಿ ಅಮ್ಮನ ಕೈ — ಬೇಡ, ಅದು ಈಗ ಬೇಡ, ಮೊದಲಿನಿಂದ ಬಾ.

ಎಂಬತ್ತೊಂದು ವರ್ಷದ ಮುದುಕಿ ಬರಿದೇ ನಮ್ಮಮ್ಮ ಎಂದದ್ದನ್ನು ಅವಳು ಕೇಳಿಯೇ ಇಲ್ಲ, ಹಿಂದೆ ಆ ಅನ್ನೋಳು ಬಾಲ ಅಂಟಿಕೊಂಡೇ ಇರಬೇಕು, ಹಲ್ಲುನೋವಿನ ಹಾಗೆ ಅದನ್ನು ಅಮ್ಮ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಪ್ಪ ಸತ್ತ ಮೇಲೆ ದೊಡ್ಡಪ್ಪ ಕರ್ಕೊಂಡ್ಹೋದ, ಅವಳೂ ಬಂದಿದ್ಲು, ಅನಾಥಾಲಯದ ಗೇಟಲ್ಲಿ ನಾನು ಅವಳ ಹೆಬ್ಬೆರಳು ಹಿಡ್ಕೊಂಡೆ, ಗಟ್ಟಿಯಾಗಿ ಹಿಡ್ಕೊಂಡೆ, ಕಿತ್ಕೊಂಡ್ಲು ಕಣೇ, ಬೆಂಕಿ ಮುಟ್ಟಿದೋಳ ಥರ ಕಿತ್ಕೊಂಡು ಹಿಂದೆ ತಿರುಗಿ ನೋಡ್ದೆ ಹೋದ್ಲು. ಇಷ್ಟೇ ಕಥೆ. ಆರು ವರ್ಷದ ಮಗು, ನಂಬರು ನಲವತ್ತೇಳು. ತಿಂಗಳ ಮೊದಲ ಭಾನುವಾರ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರಂತೆ, ಯಾರನ್ನು ನೋಡಲು ಯಾರು ಬಂದಿದ್ದಾರೋ ಅವರ ನಂಬರು ಕೂಗುವುದು, ಹನ್ನೆರಡು, ಮೂವತ್ತು, ನಲವತ್ತಾರು, ನಲವತ್ತೆಂಟು, ಮಧ್ಯೆ ನಲವತ್ತೇಳು ಒಂದು ಸಲವೂ ಕೂಗಲಿಲ್ಲ. ಮೊದಲ ವರ್ಷ ತಲೆ ಬಾಚ್ಕೊಂಡು ನಿಲ್ತಿದ್ದೆ, ಆಮೇಲೆ ಬಾಚೋದು ಬಿಟ್ಟೆ. ಆ ತಾಯಿಯ ಮೇಲಿನ ಸಿಟ್ಟನ್ನು ಅಮ್ಮ ಮಗಳ ಮೇಲೆ ತಿರುವುಮುರುವಾಗಿ ತೀರಿಸಿಕೊಂಡಳು, ಸ್ಕೂಲು ಬಿಡುವ ಅರ್ಧ ಗಂಟೆ ಮೊದಲೇ ಗೇಟಿನಲ್ಲಿ ಹಾಜರು, ಮಳೆಯೋ ಬಿಸಿಲೋ, ಹತ್ತನೇ ಕ್ಲಾಸಿಗೆ ಬಂದರೂ ಹಾಜರು, ನಾಚಿಕೆಯಾಗುತ್ತೆ ಬರ್ಬೇಡಮ್ಮ ಅಂದರೆ, ಆಗ್ಲಿ ಬಿಡು, ನಾಚಿಕೆಗೇನೂ ಪ್ರಾಣ ಹೋಗಲ್ಲ. ರಸ್ತೆ ದಾಟುವಾಗ ಮಗಳು ಹೆಬ್ಬೆರಳು ಹಿಡಿದರೆ ಬಿಡಿಸಿ ಅಂಗೈ ಪೂರ್ತಿ ಕೊಡುತ್ತಿದ್ದಳು, ಹಿಡಿದರೆ ಹೀಗೆ ಹಿಡಿ ಎನ್ನುತ್ತಿದ್ದಳು, ಅದು ಯಾಕೆಂದು ಮಗಳಿಗೆ ಆಗ ಗೊತ್ತಿರಲಿಲ್ಲ.

ಹದಿನೈದು ದಿನ ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಹುಡುಕಿದಳು. ಹೊಲಿಯುವವಳಿಗೆ ಓದುವ ಅಭ್ಯಾಸವೆಲ್ಲಿ, ದಾಖಲೆಗಳ ಗುಮಾಸ್ತನೇ ತೆಗೆದು ಕೊಡಬೇಕು, ಸಣ್ಣ ಮೈ, ದೊಡ್ಡ ತಲೆ, ಇಡೀ ಕಚೇರಿಗೆ ಗುಂಡುಸೂಜಿ, ಏನ್ ದಾರದಕ್ಕ, ಮುದಿ ವಯಸ್ಸಲ್ಲಿ ವಂಶವೃಕ್ಷದ ಹುಚ್ಚು ಹತ್ತಿತಾ, ರಾಜಮನೆತನ ಏನಾದ್ರೂ ಸಿಕ್ಕಿದ್ರೆ ನಮ್ಮನ್ನ ಮರೀಬೇಡಿ. ರಾಜಮನೆತನ ಮೊದಲ ವಾರವೇ ಸಿಕ್ಕಿತು, ಮರಣದ ಪುಸ್ತಕದಲ್ಲಿ ತಾತ, ಬಾವಿ ತೋಡುವವ, ವಯಸ್ಸು ಇಪ್ಪತ್ತೊಂಬತ್ತು, ಮಣ್ಣು ಕುಸಿದು. ಬಿಟ್ಟುಹೋದದ್ದು, ಹೆಂಡತಿ ಒಬ್ಬಳು, ವಯಸ್ಸು ಇಪ್ಪತ್ತೈದು, ಹೆಣ್ಣು ಮಗು ಒಂದು. ಇಪ್ಪತ್ತೈದಕ್ಕೇ ವಿಧವೆ, ಅಯ್ಯೋ ನನ್ನವ್ವ, ಈ ಕಚೇರಿಗೆ ಸೇರಿದಾಗ ನನಗಿದ್ದದ್ದಕ್ಕಿಂತ ಎರಡೇ ವರ್ಷ ಹೆಚ್ಚು. ಆಮೇಲೆ ಎಂಟು ದಿನ ಏನೂ ಇಲ್ಲ, ಗಂಡ ಸತ್ತ ಹೆಂಗಸು ಕಾಗದದಲ್ಲೂ ಸತ್ತಂತೆಯೇ, ಆಮೇಲೆ ಆಸ್ಪತ್ರೆಯ ಗಾಯದ ಪುಸ್ತಕದಲ್ಲಿ ಪಕ್ಕನೆ ಎದುರಾದಳು, ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಕೂಲಿ, ಬಲಗೈ ಹೆಬ್ಬೆರಳು, ಉದ್ದ ಗಾಯ, ಮೂರು ಹೊಲಿಗೆ. ಅದಾದ ಒಂಬತ್ತನೇ ದಿನಕ್ಕೆ ಅನಾಥಾಲಯದ ಒಪ್ಪಿಗೆ ಪತ್ರ, ದೊಡ್ಡಪ್ಪನ ದುಂಡು ಅಕ್ಷರ, ಮಗುವನ್ನು ಸಾಕಲು ಅಶಕ್ತಳಾಗಿ ಸ್ವಇಚ್ಛೆಯಿಂದ ಒಪ್ಪಿಸಿರುತ್ತೇನೆ, ಎಂಥ ಚೆಂದದ ಅಕ್ಷರ ಆ ಪುಣ್ಯಾತ್ಮನದು, ಕೆಳಗೆ ನೀಲಿ ಹೆಬ್ಬೆಟ್ಟು, ನಡುವಿನಿಂದ ಹೊರಕ್ಕೆ ಬಿಳಿ ಗೀರು, ಗೀರಿನ ಎರಡೂ ಬದಿ ಹೊಲಿಗೆಯ ಚುಕ್ಕೆ. ಒಂಬತ್ತು ದಿನದ ಹಸಿ ಗಾಯವನ್ನು ಶಾಯಿಗೆ ಒತ್ತಿದ್ದಾರೆ. ಒತ್ತಿಸಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಗೇಟಿನಲ್ಲಿ ಮಗು ಅದೇ ಬೆರಳು ಹಿಡಿದಿದೆ, ಗಟ್ಟಿಯಾಗಿ ಹಿಡಿದಿದೆ. ಕಿತ್ತುಕೊಳ್ಳದೆ ಇನ್ನೇನು ಮಾಡಿಯಾಳು, ಹೊಲಿಗೆ ಬಿಚ್ಚಿರಬೇಕು, ಜೀವ ಹೋದ ಹಾಗಾಗಿರಬೇಕು. ಎಪ್ಪತ್ತೈದು ವರ್ಷ ಅಮ್ಮ ಅದನ್ನು ಬೇರೆಯೇ ಓದಿಕೊಂಡಳು. ಹೊಲಿಗೆ ಅಂದರೆ ಏನೆಂದು ಬಲ್ಲ ಮಗಳು ಅಲ್ಲೇ ಕಪಾಟಿಗೆ ಹಣೆ ಕೊಟ್ಟು ಅತ್ತಳು, ಗುಂಡುಸೂಜಿ ನೀರು ತಂದುಕೊಟ್ಟ.

ಇವತ್ತು ಮಧ್ಯಾಹ್ನ ಅವನೇ ಒಳಗಿನ ಕೋಣೆಯಿಂದ ಹೊತ್ತು ತಂದ, ತಗೊಳ್ಳಿ ದಾರದಕ್ಕ, ಅನಾಥಾಲಯದ ಭೇಟಿ ಪುಸ್ತಕ, ನಿಮ್ಮ ತಾಯಿಯವರ ಕಾಲದ್ದು ಇದೇ, ಯಾರು ಬಂದ್ರು, ಯಾವ ಮಗು, ಏನು ಸಂಬಂಧ, ರುಜು ಇಲ್ಲಾ ಹೆಬ್ಬೆಟ್ಟು, ಕೊನೇಲಿ ಷರಾ, ಮಗು ತೋರಿಸಿದ್ರಾ, ಇಲ್ಲಾಂದ್ರೆ ಯಾಕಿಲ್ಲ, ಎಲ್ಲಾ ಆ ಮೇಲ್ವಿಚಾರಕಿ ಬರೆದಿಡ್ತಿದ್ಲು, ಭಾರೀ ಶಿಸ್ತು. ಬಲಪುಟದಲ್ಲಿ ಮಾತ್ರ ಬರೆದ ಪುಸ್ತಕ. ತೆರೆಯುತ್ತಿದ್ದಂತೆ ಸಿಕ್ಕಿತು, ನಲವತ್ತೇಳು, ತಾಯಿ. ಮುಂದಿನ ತಿಂಗಳು ನಲವತ್ತೇಳು, ತಾಯಿ. ಬೆರಳಿಟ್ಟು ಎಣಿಸಿದಳು, ನಾಲ್ಕು ವರ್ಷದಲ್ಲಿ ನಲವತ್ತಮೂರು ಸಲ, ನಲವತ್ತಮೂರು ಭಾನುವಾರ ಆ ಹೆಂಗಸು ಅಂಗಳದ ಗೋಡೆಯ ಇತ್ತ ಕಡೆ ನಿಂತಿದ್ದಾಳೆ, ಅತ್ತ ಕಡೆ ತಲೆ ಬಾಚಿಕೊಂಡು ಮಗು ನಿಂತಿದೆ. ಆಮೇಲೆ ಇಲ್ಲ, ಯಾಕೆಂದರೆ ಆಮೇಲಿನ ತಿಂಗಳ ಮರಣದ ಪುಸ್ತಕದಲ್ಲಿದ್ದಾಳೆ, ವಯಸ್ಸು ಮೂವತ್ತು, ಎದೆರೋಗ, ವಾರಸುದಾರರು ಯಾರೂ ಇಲ್ಲ. ಬಂದಿದ್ದಳು, ದೇವರೇ, ಬಂದಿದ್ದಳು, ಈಗಲೇ ಓಡಿಹೋಗಿ ಹೇಳಬೇಕು ಅನ್ನುವಷ್ಟರಲ್ಲಿ ಕಣ್ಣು ಸಾಲಿನ ಕೊನೆಗೆ ಹೋಯಿತು. ಹೆಬ್ಬೆಟ್ಟು ಅರ್ಧ. ಬಿಳಿ ಗೀರು ನಡುವಿನಲ್ಲಿ ಶುರುವಾಗಿ ಕಾಗದದ ಅಂಚಿಗೆ ಬಂದು ಕಡಿದುಹೋಗಿದೆ, ಅದರಾಚೆ ಕಾಗದವೇ ಇಲ್ಲ. ಪುಟ ತಿರುಗಿಸಿದರೆ ಅರ್ಧ, ಇನ್ನೊಂದು ಪುಟ, ಅರ್ಧ. ಗುಂಡುಸೂಜಿ ಬಗ್ಗಿ ನೋಡಿ ಲೊಚಗುಟ್ಟಿದ, ಅಯ್ಯಯ್ಯೋ, ಷರಾ ಕಾಲಮ್ಮೇ ಹಾರಿಸ್ಬಿಟ್ಟಿದ್ದಾನಲ್ರೀ, ಯಾವ ಕುರುಡ ಬೈಂಡು ಮಾಡಿದ್ನೋ, ಅವನ ಕೈಗೆ ಕತ್ತಿ ಕೊಟ್ಟೋರಿಗೆ ಹೊಡೀಬೇಕು. ಅವಳು ಹಿಂದಿನ ರಟ್ಟು ಎತ್ತಿ ಬೆನ್ನಿನ ಒಳಗೆ ನೋಡಿದಳು. ಹಸಿರು ದಾರ, ಜೋಡಿ ಗಂಟು. ಒಬ್ಬೊಬ್ಬರದು ಒಂದೊಂದು ಬಣ್ಣದ ಗಂಟು, ತಪ್ಪಾದರೆ ಯಾರ ತಪ್ಪು ಅಂತ ಗೊತ್ತಾಗಬೇಕಲ್ಲ ಎಂದು ಕೆಲಸ ಕಲಿಸಿದ ಮೇಸ್ತ್ರಿ ಮಾಡಿದ್ದ ಪದ್ಧತಿ. ಹಸಿರು ಜೋಡಿ ಗಂಟು ಅವಳದು.

ಮೂವತ್ತೆರಡು ವರ್ಷದ ಹಿಂದಿನ ಮಾತು. ಹತ್ತು ಪುಸ್ತಕದ ಕಟ್ಟು ಬಂದಿತ್ತು, ಕಟ್ಟಿನ ಮೇಲೆ ಚೀಟಿಯೂ ಇದ್ದಿರಬೇಕು, ಅವಳು ನೋಡಿರಲಿಲ್ಲ, ಓದೋದು ನಮ್ಮ ಕೆಲಸ ಅಲ್ಲ ಕಣಮ್ಮ, ಓದ್ತಾ ಕೂತ್ರೆ ಹೊಲಿಗೆ ಸಾಗಲ್ಲ, ಮೇಸ್ತ್ರಿಯ ಮೊದಲ ಪಾಠ ಅದು. ಪುಸ್ತಕ ಹೊಲಿದು, ಅಂಚು ಸಮ ಮಾಡಿ, ಆಮೇಲೆ ಅಳತೆ ನೋಡಿ ರಟ್ಟು ಕತ್ತರಿಸಬೇಕು, ಎರಡನೇ ಪಾಠ. ಇವಳಿಗೆ ಅವಸರ, ಇಪ್ಪತ್ತೈದರ ಸೊಕ್ಕು, ಹತ್ತೂ ಒಂದೇ ಅಳತೆ ಅಂದುಕೊಂಡು ಹತ್ತು ಜೊತೆ ರಟ್ಟು ಮೊದಲೇ ಕತ್ತರಿಸಿಟ್ಟಳು. ಒಂಬತ್ತು ಸರಿಹೋಯಿತು. ಹತ್ತನೆಯದು ರಟ್ಟಿಗಿಂತ ಎರಡು ಬೆರಳು ಅಗಲ. ಮೇಸ್ತ್ರಿ ಚಹಾಕ್ಕೆ ಹೋಗಿದ್ದ, ರಟ್ಟು ಹಾಳು ಮಾಡಿದ್ರೆ ನಿನ್ನ ಚರ್ಮ ಸುಲಿದು ರಟ್ಟು ಮಾಡ್ತೀನಿ ಅಂತ ಬಾಯಿಮಾತಿಗಾದರೂ ಅನ್ನುವವನು, ಅವನು ಬರುವುದರೊಳಗೆ ಪುಸ್ತಕವನ್ನು ಕತ್ತರಿಸುವ ಮಿಷನ್ನಿಗಿಟ್ಟು ಚಕ್ರ ತಿರುಗಿಸಿ ಬಿಗಿ ಮಾಡಿದಳು, ರಟ್ಟಿನ ಅಳತೆಗೆ ಸರಿಯಾಗಿ ಹಿಡಿ ಎಳೆದಳು, ಕರಕ್ ಎಂದಿತು, ಎರಡು ಬೆರಳು ಅಗಲದ ಕಾಗದದ ಪಟ್ಟಿಗಳು ರಾಶಿಯಾಗಿ ಬುಡಕ್ಕೆ ಬಿದ್ದವು. ಕತ್ತರಿಸಿದ ಅಂಚಿನ ತುಂಬಾ ಸಣ್ಣ ಸಣ್ಣ ನೀಲಿ ಚುಕ್ಕೆ, ಎಷ್ಟು ಚೆಂದ ಕಾಣುತ್ತೆ ಅಂದುಕೊಂಡಳು, ಹೌದು, ಅಂದುಕೊಂಡಳು. ಮೇಸ್ತ್ರಿ ಬಂದು ಅಂಚಿನ ಮೇಲೆ ಬೆರಳಾಡಿಸಿ, ಭಲೇ, ಕೈ ಕುದುರ್ತು ನೋಡು ನಿಂದು. ಪಟ್ಟಿಗಳನ್ನು ಎಂದಿನ ಹಾಗೆ ಕಂತೆ ಕಟ್ಟಿ ಮನೆಗೆ ತಂದಳು, ನೀರೊಲೆ ಹತ್ತಿಸಲು, ಒಳ್ಳೇ ಹಳೇ ಕಾಗದ, ಸೀಮೆಎಣ್ಣೆನೇ ಬೇಡ ಎಂದು ಅಮ್ಮ ಯಾವಾಗಲೂ ಹಿಗ್ಗುತ್ತಿದ್ದಳು. ಅಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಪಟ್ಟಿ ಎಳೆದು — ಬೇಡ ಅಂದೆನಲ್ಲ. ಇಳೀರಮ್ಮ, ಕೊನೇ ಸ್ಟಾಪು, ಎಷ್ಟು ಸಲ ಕೂಗೋದು, ಕಂಡಕ್ಟರು ಸೀಟಿನ ಪಕ್ಕವೇ ನಿಂತಿದ್ದಾನೆ.

ಹೇಳದೇ ಇದ್ದುಬಿಡಬಹುದು, ಸಿಗಲಿಲ್ಲಮ್ಮ ಅಂದರೆ ಮುಗಿಯಿತು, ಆದರೆ ಬಂದಿದ್ದಳಲ್ಲ, ನಲವತ್ತಮೂರು ಸಲ ಬಂದವಳನ್ನು ಇನ್ನೊಂದು ಸಲ ಕತ್ತರಿಸಲೇ. ಚಪ್ಪಲಿ ಬಿಡುವಾಗಲೇ ಅಮ್ಮನ ಉಸಿರು ಕೇಳಿಸಿತು, ಗೊರ ಗೊರ. ಬಂದ್ಯಾ, ಆಗ್ಲಿಂದ ನಿನ್ನೇ ಕೇಳ್ತಿದ್ದಾರೆ ಎನ್ನುತ್ತಾ ದರ್ಜಿಯಮ್ಮ ಹಲ್ಲಿನಿಂದ ದಾರ ಕಡಿದು ಎದ್ದಳು. ಮಂಚದ ಅಂಚಿನಲ್ಲಿ ಕೂತು ಅಮ್ಮನ ಕಿವಿಗೆ ಬಾಯಿಟ್ಟಳು, ಅಮ್ಮಾ, ಬಂದಿದ್ಲಮ್ಮ, ಪ್ರತಿ ತಿಂಗಳೂ ಬಂದಿದ್ಲು, ಸಾಯೋವರೆಗೂ ಬಂದಿದ್ಲು, ಅವತ್ತು ಗೇಟಲ್ಲಿ ಬೆರಳಿಗೆ ಹೊಲಿಗೆ ಹಾಕಿದ್ರಮ್ಮ, ಹಸಿ ಗಾಯ, ನೋವಿಗೆ ಕಿತ್ಕೊಂಡಿದ್ದು ಅದು, ನಿನ್ನ ಬಿಡಿಸ್ಕೊಳ್ಳೋಕಲ್ಲ.  ಅಮ್ಮನ ಮುಖ ಗೋಡೆಯಿಂದ ಈಚೆ ತಿರುಗಿತು, ಕಣ್ಣು ಒದ್ದೆ, ಒಣ ತುಟಿ ಅಲುಗಿತು, ಅಮ್ಮ, ಅಂದಳು, ಬರಿದೇ ಅಮ್ಮ, ಹಿಂದೆ ಯಾವ ಬಾಲವೂ ಇಲ್ಲದೆ. ಮಗಳ ಹೆಬ್ಬೆರಳನ್ನು ಹುಡುಕಿ ಹಿಡಿದುಕೊಂಡಳು. ಇಷ್ಟಕ್ಕೇ ನಿಲ್ಲಲಿ, ದೇವರೇ, ಇಷ್ಟಕ್ಕೇ ನಿಂತುಬಿಡಲಿ ಎಂದು ಮಗಳು ಬೇಡಿಕೊಳ್ಳುತ್ತಿರುವಾಗಲೇ ಮತ್ತೆ ತುಟಿ ಅಲುಗಿತು, ಮತ್ತೆ ನನ್ನ ನಂಬರ್ ಯಾಕೇ ಕೂಗ್ಲಿಲ್ಲ? ಯಾರು ಬೇಡ ಅಂದ್ರು? ನಂಗೇನಾದ್ರೂ ಹೇಳಿ ಹೋದ್ಲಾ? ಬರೆದಿರ್ಬೇಕಲ್ಲ, ಏನು ಬರೆದಿದೆ ಹೇಳೇ. ಬರೆದಿತ್ತು, ನಲವತ್ತಮೂರು ಸಲ ಬರೆದಿತ್ತು, ದೊಡ್ಡಪ್ಪ ಬೇಡ ಅಂದಿದ್ದನೋ, ಮಗು ಅಳುತ್ತದೆಂದು ಅವರೇ ತೋರಿಸಲಿಲ್ಲವೋ, ಏನಾದರೂ ಕೊಟ್ಟುಹೋಗಿದ್ದಳೋ, ಎರಡು ಬೆರಳು ಅಗಲದಲ್ಲಿ ಎಲ್ಲಾ ಬರೆದಿತ್ತು. ಏನು ಬರೆದಿದೆ ಹೇಳೇ, ಹಿಡಿತ ಬಿಗಿಯಾಗುತ್ತಿದೆ, ಸಾಯುವವರ ಕೈಯಲ್ಲಿ ಇಷ್ಟು ಬಲ ಎಲ್ಲಿಂದ ಬರುತ್ತದೆ, ಹೆಬ್ಬೆರಳು ನೋಯುತ್ತದೆ, ಕಿತ್ತುಕೊಳ್ಳಬಾರದು, ಜೀವ ಹೋದರೂ ಕಿತ್ತುಕೊಳ್ಳಬಾರದು, ಮತ್ತೆ ಒಲೆಯ ಮುಂದೆ ಅಮ್ಮ, ಈ ಸಲ ತಡೆಯಲಾಗಲಿಲ್ಲ, ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಇನ್ನೂ ಕಪ್ಪು ತಲೆ, ಕಂತೆಯಿಂದ ಒಂದೊಂದೇ ಪಟ್ಟಿ ಎಳೆದು ಉರಿಗೆ ಹಿಡಿಯುತ್ತಿದ್ದಾಳೆ, ಒಂದನ್ನು ಬೆಳಕಿಗೆ ಎತ್ತುತ್ತಾಳೆ, ಅದರ ಅಂಚಿನುದ್ದಕ್ಕೂ ನೀಲಿ, ಅರ್ಧರ್ಧ ನೀಲಿ ಬೆರಳು, ಪಕ್ಕದಲ್ಲಿ ಸಣ್ಣ ಅಕ್ಷರ, ಇವಳು ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಾಳೆ, ಈ ನೀಲಿ ಏನೇ ಇದು, ಅಮ್ಮ ಕೇಳುತ್ತಾಳೆ, ಉರಿ ಪಟ್ಟಿಯ ತುದಿಯವರೆಗೆ ಬಂದಿದೆ, ಈ ನೀಲಿ ಏನೇ — ಶಾಯಿ ಅಮ್ಮ, ಹಾಕು.