ವಾಪಸು ತೆಗೆದ ದನಿ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಲೇ ಇರುತ್ತಾಳೆ. ಇವತ್ತು ಅದು ಮೂಗು ದಾಟಿ ಬಾಯಿಗೆ ಇಳಿಯಿತು, ಅದೂ ಹೊರಗಿನವರ ಎದುರು.

ಬೆಳಿಗ್ಗೆ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ನಮ್ಮ ಆಫೀಸಿಗೆ ಬಂದಿದ್ದರು. ಅವರ ಆಸ್ಪತ್ರೆಯ ಗೋಡೆಯ ಪರದೆಯಲ್ಲಿ ಟೋಕನ್ ನಂಬರ್ ತೋರಿಸುವ ತಂತ್ರಾಂಶ ನಮ್ಮದು. ಆದರೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕೂತವರಿಗೆ ಪರದೆಯೆಲ್ಲ ಮಸುಕು ಮಸುಕು. ಪಾಪ, ‘ನಂದು ಬಂತಾ, ನಂದು ಬಂತಾ’ ಎಂದು ಪಕ್ಕದವರ ಪ್ರಾಣ ತಿನ್ನುತ್ತಾ ಕೂರುತ್ತಾರೆ. ಅದಕ್ಕೇ ನಂಬರನ್ನು ಗಟ್ಟಿಯಾಗಿ ಕೂಗುವ ದನಿಯೊಂದಕ್ಕೆ ನಾನು ಕೋಡ್ ಬರೆದೆ. ಊಟ ನಿದ್ದೆ ಬಿಟ್ಟು ಬರೆದೆ ಅಂದರೆ ಸುಳ್ಳಾಗುತ್ತದೆ, ಆದರೆ ಮನಸ್ಸಿಟ್ಟು ಬರೆದೆ. ಅದನ್ನು ಡಾಕ್ಟರಮ್ಮನಿಗೆ ಕೇಳಿಸುವ ದಿನ ಇವತ್ತು.

ಗುಂಡಿ ಒತ್ತಿದೆ. ಪರದೆಯಲ್ಲಿ ನಂಬರ್ ಬದಲಾಯಿತು, ದನಿ ಬರಲಿಲ್ಲ. ಮತ್ತೆ ಒತ್ತಿದೆ. ಸ್ಪೀಕರಿನ ತಂತಿ ಎಳೆದು ನೋಡಿದೆ, ಅದರ ತಲೆಗೆ ಎರಡು ಬಿಟ್ಟೂ ನೋಡಿದೆ.

“ನಾಚ್ಕೊಂಡಿರ್ಬೇಕು, ಹೊಸಬರನ್ನ ನೋಡಿ,” ಎಂದು ಡಾಕ್ಟರಮ್ಮ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೋಡ್ ತೆರೆದು ನೋಡಿದರೆ, ನನ್ನ ದನಿಯ ಒಂದೇ ಒಂದು ಸಾಲೂ ಅಲ್ಲಿಲ್ಲ! ತೊಳೆದಿಟ್ಟ ತಟ್ಟೆಯಂತೆ ಖಾಲಿ. ಆ ಫೈಲನ್ನು ಕೊನೆಯದಾಗಿ ಮುಟ್ಟಿದವರು ಯಾರೆಂದು ನೋಡಿದೆ. ಮೇಷ್ಟ್ರು.

ಮೇಷ್ಟ್ರು ಅಂದರೆ ನಿಜವಾಗಿಯೂ ಮೇಷ್ಟ್ರೇ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಶಾಲೆ ಮುಚ್ಚಿಹೋದ ಮೇಲೆ ನಮ್ಮ ಈ ಕೆಲಸ ಕಲಿತು ಬಂದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ತಂಡದಲ್ಲಿ ಎಲ್ಲರಿಗಿಂತ ಕಿರಿಯರು. ಅವರ ಪ್ರೊಬೇಷನ್ ಈ ವಾರ ಮುಗಿಯುತ್ತದೆ. ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಮೇಷ್ಟ್ರೇ, ನಿನ್ನೆ ಪರದೆಯ ಫೈಲಲ್ಲಿ ಕೈಯಾಡಿಸಿದ್ದು ನೀವೇ ತಾನೆ?”

“ಹೌದು ಮೇಡಂ. ನೀವೇ ಹೇಳಿದ್ರಲ್ಲ, ಅಕ್ಷರ ದೊಡ್ಡದು ಮಾಡಿ ಅಂತ...”

“ಅಕ್ಷರ ದೊಡ್ಡದು ಮಾಡಿ ಅಂದೆ. ನನ್ನ ಕೋಡನ್ನ ನುಂಗಿ ನೀರು ಕುಡೀರಿ ಅಂದ್ನಾ?”

ಅವರು ಕುರ್ಚಿಯಿಂದ ಎದ್ದು ನಿಂತರು. ಡಾಕ್ಟರಮ್ಮ ಕಿಟಕಿಯ ಕಡೆ ನೋಡತೊಡಗಿದರು. ಆಗಲಾದರೂ ನಾನು ಬಾಯಿ ಮುಚ್ಚಬೇಕಿತ್ತು.

“ಇದೇನು ಮಕ್ಕಳಿಗೆ ಮಗ್ಗಿ ಹೇಳ್ಕೊಟ್ಟ ಹಾಗೆ ಅಂದ್ಕೊಂಡ್ರಾ? ಗೊತ್ತಾಗ್ದಿದ್ರೆ ಕೇಳಬೇಕು ರೀ! ಬಾಯಿಲ್ವಾ?”

ಮೇಷ್ಟ್ರು ತಮ್ಮ ಕಂಪ್ಯೂಟರನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. “ನನ್ನಿಂದಲೇ ಏನೋ ಆಗಿರ್ಬೇಕು ಮೇಡಂ. ತಪ್ಪಾಯ್ತು,” ಎಂದರು.

ಒಪ್ಪಿಕೊಂಡರಲ್ಲ, ಇನ್ನೇನು ಬೇಕು? ಡಾಕ್ಟರಮ್ಮನನ್ನು ಕಳಿಸಿಕೊಟ್ಟು ನೇರ ಮ್ಯಾನೇಜರ ಕೋಣೆಗೆ ನುಗ್ಗಿದೆ. “ಮೇಷ್ಟ್ರನ್ನ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ. ನನ್ನ ತಂಡಕ್ಕಂತೂ ಬೇಡ,” ಎಂದು ಹೇಳಿ ಬಾಗಿಲು ಎಳೆದುಕೊಂಡು ಬಂದೆ. ಊಟದ ಹೊತ್ತಿಗೆ ಮೇಷ್ಟ್ರ ಕುರ್ಚಿ ಖಾಲಿಯಾಗಿತ್ತು. ನಾನು ಹೊಟ್ಟೆ ತುಂಬ ಉಂಡೆ.

ಊಟವಾದ ಮೇಲೆ, ಅವರು ಏನೇನು ಅಳಿಸಿದ್ದಾರೆಂದು ತೆಗೆದು ಎಲ್ಲರಿಗೂ ತೋರಿಸೋಣವೆಂದು ಕೂತೆ. ನಮ್ಮಲ್ಲಿ ಯಾರು ಯಾವಾಗ ಯಾವ ಸಾಲು ಸೇರಿಸಿದರು, ಯಾವುದು ತೆಗೆದರು ಎಲ್ಲವೂ ದಾಖಲಾಗಿರುತ್ತದೆ. ಮೇಷ್ಟ್ರ ಬದಲಾವಣೆ ತೆರೆದೆ. ಒಂದು ಸಾಲು. ಅಕ್ಷರದ ಗಾತ್ರ. ಅಷ್ಟೇ! ನನ್ನ ದನಿಯ ಹತ್ತಿರಕ್ಕೂ ಅವರು ಹೋಗಿರಲಿಲ್ಲ. ಇನ್ನೂ ಹಿಂದೆ ಹೋದೆ. ಹೋದ ವಾರ ನನ್ನ ದನಿಯನ್ನು ಬುಡಸಮೇತ ಕಿತ್ತುಹಾಕಿದ ಬದಲಾವಣೆ ಸಿಕ್ಕಿತು. ಅದರ ಪಕ್ಕದಲ್ಲಿದ್ದದ್ದು ನನ್ನ ಹೆಸರು.

ಆದದ್ದಿಷ್ಟು. ನಾವು ಹೊಸ ಕೆಲಸವನ್ನು ಬೇರೆ ಬ್ರಾಂಚಿನಲ್ಲಿ, ಅಂದರೆ ಕೋಡಿನ ಬೇರೆ ಕವಲಿನಲ್ಲಿ ಮಾಡಿ, ಆಮೇಲೆ ಎಲ್ಲರೂ ಬಳಸುವ ಮುಖ್ಯ ಕೋಡಿಗೆ ಸೇರಿಸುತ್ತೇವೆ. ಹೋದ ವಾರ ನಾನು ಸೇರಿಸಿದ ದನಿ ಒಂದೊಂದು ನಂಬರನ್ನೂ ಎರಡೆರಡು ಸಲ ಕೂಗತೊಡಗಿತು. ಸದ್ಯಕ್ಕೆ ಬೇಡವೆಂದು ರಿವರ್ಟ್ ಮಾಡಿದೆ, ಸೇರಿಸಿದ್ದನ್ನು ವಾಪಸು ತೆಗೆದೆ. ತಪ್ಪು ದನಿಯಲ್ಲಿರಲಿಲ್ಲ, ನಂಬರ್ ಕಳಿಸುವ ಫೈಲಿನಲ್ಲಿತ್ತು. ಅದನ್ನು ನನ್ನ ಬ್ರಾಂಚಿನಲ್ಲಿ ಸರಿಮಾಡಿದೆ, ಅಲ್ಲಿ ದನಿ ಚೆನ್ನಾಗಿಯೇ ಕೂಗಿತು, ಖುಷಿಯಿಂದ ಮತ್ತೆ ಮುಖ್ಯ ಕೋಡಿಗೆ ಸೇರಿಸಿದೆ, ಸೇರಿಸಿದ ಮೇಲೆ ಇನ್ನೊಮ್ಮೆ ಕೂಗಿಸಿ ನೋಡಲಿಲ್ಲ.

ಇಲ್ಲೇ ಇರುವುದು ಮರ್ಮ. ಒಮ್ಮೆ ಸೇರಿಸಿದ್ದನ್ನು ವಾಪಸು ತೆಗೆದರೂ, ಅದು ಸೇರಿತ್ತು ಎಂಬುದನ್ನು ಈ ವ್ಯವಸ್ಥೆ ಮರೆಯುವುದಿಲ್ಲ. ಅದೇ ಬ್ರಾಂಚನ್ನು ಮತ್ತೆ ಕೊಟ್ಟರೆ, ‘ಹಳೆಯದೆಲ್ಲ ಆಗಲೇ ಬಂದಿದೆಯಲ್ಲ’ ಎಂದು ಹೊಸದಾಗಿ ತಿದ್ದಿದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹಳೆಯದು ಬರಬೇಕಾದರೆ ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಬೇಕು. ಎಡವುವವರು ಇಲ್ಲಿ ಎಡವುತ್ತಾರೆ ಎಂದು ಹೊಸಬರಿಗೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುವವಳು ನಾನೇ. ಮೇಷ್ಟ್ರಿಗೂ ಮಾಡಿದ್ದೆ. ಅವರು ಎರಡು ಪ್ರಶ್ನೆ ಕೇಳಿ ಅರ್ಥಮಾಡಿಕೊಂಡಿದ್ದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ರಿವರ್ಟನ್ನು ರಿವರ್ಟ್ ಮಾಡಿದೆ. ಗುಂಡಿ ಒತ್ತಿದೆ. ಆಫೀಸಿನ ತುಂಬ ದನಿ ಮೊಳಗಿತು. ತಂಡದವರು ತಲೆ ಎತ್ತಿ ನೋಡಿದರು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಏನನ್ನೂ ಅಳಿಸಿಲ್ಲ, ಅಳಿಸಿದ್ದು ನಾನು, ಅವರನ್ನು ಬೈದದ್ದು ನನ್ನ ಕೊಬ್ಬು ಎಂದು ಬರೆದು ಎಲ್ಲರಿಗೂ ಕಳಿಸಿದೆ, ಡಾಕ್ಟರಮ್ಮನಿಗೂ ಕಳಿಸಿದೆ. ಬರೆಯುವಾಗ ಕಿವಿ ಕಾದುಹೋಗಿತ್ತು.

ಮ್ಯಾನೇಜರು ಓದಿಕೊಂಡು ಕನ್ನಡಕ ತೆಗೆದಿಟ್ಟರು. “ಅವರಿಗೆ ಬೇರೆ ಕಡೆ ನೋಡ್ಕೊಳ್ಳಿ ಅಂತ ಹೇಳಿ ಕಳಿಸ್ಬಿಟ್ಟೆನಲ್ಲ.”

“ದಯವಿಟ್ಟು ವಾಪಸ್ ಕರೆಸಿ ಸರ್.”

“ಖಾಯಂ ಮಾಡೋಣ, ಅದಕ್ಕೇನು. ಆದ್ರೆ ಕರೆಯೋದು ನಾನಲ್ಲ, ನೀವು,” ಎಂದು ಅವರು ಫೋನನ್ನು ನನ್ನ ಕಡೆ ತಳ್ಳಿದರು.

ಮ್ಯಾನೇಜರ ಎದುರು ಮಾತಾಡುವ ಧೈರ್ಯವಾಗಲಿಲ್ಲ. ಮೆಟ್ಟಿಲ ಹತ್ತಿರ ಬಂದು ನನ್ನ ಫೋನಿನಿಂದಲೇ ಮಾಡಿದೆ. ಎತ್ತಿದ್ದು ಮೇಷ್ಟ್ರ ಹೆಂಡತಿ. ನನ್ನ ಹೆಸರು ಪರದೆಯಲ್ಲಿ ಕಂಡಿರಬೇಕು, ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

“ಮೇಡಂ, ನಮ್ಮವರಿಂದ ದೊಡ್ಡ ತಪ್ಪೇ ಆಗಿದೆಯಂತೆ. ಹೊಟ್ಟೆಗೆ ಹಾಕ್ಕೊಳ್ಳಿ. ನಾನೂ ಸರಿಯಾಗಿ ಬೈದೆ ಬಿಡಿ. ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಕಂಪ್ಯೂಟರ್, ನಿಮ್ಮ ಕೈಲಿ ಆಗುತ್ತಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಒಂದ್ ಮಾತು ಎದುರಾಡ್ಲಿಲ್ಲ. ಹೋಗಿ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಇನ್ನೊಂದು ಅವಕಾಶ ಕೊಡ್ತೀರೇನೋ ಅಂತ...”

“ಅಕ್ಕಾ, ನಿಲ್ಲಿಸಿ,” ಎಂದೆ. ನನ್ನ ದನಿ ನನಗೇ ಕೇಳಿಸುವಂತಿರಲಿಲ್ಲ. “ಅವರದ್ದು ಏನೂ ತಪ್ಪಿಲ್ಲ. ತಪ್ಪು ನಂದು. ಪೂರ್ತಿ ನಂದೇ. ನಾಳೆಯಿಂದ ಬರಬೇಕು, ಕೆಲಸ ಖಾಯಂ ಆಗಿದೆ ಅಂತ ಹೇಳೋಕೆ ಫೋನ್ ಮಾಡ್ದೆ.”

ಆ ಕಡೆ ನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

“ನಿಮ್ಮದಾ?”

“ಹೂಂ.”

“ಹಾಗಾದ್ರೆ ನಂದೇ ತಪ್ಪು ಅಂತ ಅವರ್ಯಾಕೆ ಒಪ್ಕೊಂಡ್ರು?”

ಬಣ್ಣ ಹಚ್ಚಿ ಹೇಳಲು ಎಷ್ಟೋ ಮಾತುಗಳಿದ್ದವು. ಆಕೆ ಕಾಯುತ್ತಿದ್ದರು.

“ನಾನು ಕೂಗಾಡ್ದೆ ಅಕ್ಕ. ಎಲ್ಲರ ಮುಂದೆ ಕೂಗಾಡ್ದೆ. ಅದಕ್ಕೇ ಒಪ್ಕೊಂಡ್ರು.”

ಈಗ ಉಗಿಯುತ್ತಾರೆ, ಉಗಿಯಲಿ, ಉಗಿದರೆ ಸ್ವಲ್ಪ ಹಗುರವಾದರೂ ಆಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ನಿಂತೆ.

“ನಾನೂ ಕೂಗಾಡ್ದೆ,” ಎಂದರು ಆಕೆ. “ಮಗಳ ಮುಂದೆ.”

ಆಮೇಲೆ ಆಕೆ, “ಎಬ್ಬಿಸ್ತೀನಿ ಇರಿ. ಮೊದಲು ನೀವು ತಪ್ಪಾಯ್ತು ಅಂತ ಹೇಳಿ, ಆಮೇಲೆ ನಾನು ಹೇಳ್ತೀನಿ,” ಎಂದು ಒಳಗೆ ಹೋದರು.