ಭಂಡಾರ ಮುಟ್ಟಿದ ಕೈ

"ಕೈ ತೋರ್ಸಲೇ ಸೂಳಿಮಗನ. ಎರಡೂ ಕೈ," ಎಂದರು ಗುರಪ್ಪ ಸಾವಕಾರರು.

ಅಮಸಿದ್ದ ಎರಡೂ ಕೈ ಮುಂದೆ ಚಾಚಿದ. ಕುರಿ ಕಾಯುವವನ ಕೈ, ಉಣ್ಣೆ ಕತ್ತರಿಸಿ ಕತ್ತರಿಸಿ ಬೆರಳ ಸಂದಿ ಗಡ್ಡೆಗಟ್ಟಿದ ಕೈ. ಹೈಸ್ಕೂಲಿನ ಆಫೀಸು ಕೋಣೆಯೊಳಗೆ ಚೇರಮನ್ ಆದ ಸಾವಕಾರರು, ಹೆಡ್‌ಮಾಸ್ತರರು, ಮಠದ ಅಯ್ಯನವರು, ಮೂವರೂ ಖುರ್ಚಿಯ ಮೇಲೆ. ಅಮಸಿದ್ದ ಹೊಸ್ತಿಲಾಚೆ, ಬಿಸಿಲಲ್ಲಿ.

"ನೋಡ್ರಿ ಮಾಸ್ತರ, ಬೇಡಿ ಬಿದ್ದ ಗುರ್ತ ಏನರ ಕಾಣತೈತೇನು? ಇಂಥಾ ಕೈಯಾಗ ಗಂಟಿ ಕೊಟ್ರ ನಾಳೆ ಗಂಟೀನೂ ಇರಂಗಿಲ್ಲ, ಅದನ್ನ ಕಟ್ಟಿದ ಬೇವಿನ ಗಿಡಾನೂ ಇರಂಗಿಲ್ಲ."

ಅಯ್ಯನವರು ಹಣೆಯ ವಿಭೂತಿ ಕುಣಿಯುವಂತೆ ನಕ್ಕರು. ಹೆಡ್‌ಮಾಸ್ತರರು ಧಾರವಾಡದ ಕಡೆಯವರು, ಊರಿಗೆ ಹೊಸಬರು. ನಗಬೇಕೋ ಬೇಡವೋ ಎಂದು ಸಾವಕಾರರ ಮುಖ ನೋಡಿಕೊಂಡು ಆಮೇಲೆ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಮಸಿದ್ದನೇ. ಯಾಕೆಂದರೆ ಇದೆಲ್ಲ ಆಟ ಅಂತ ಅವನಿಗೆ ಗೊತ್ತಿತ್ತು. ನಾಲ್ಕು ಮಂದಿಯ ಮುಂದೆ ಸಾವಕಾರರು ಹೀಗೆ ಬೈಯಲೇಬೇಕು. ಬೈದು ಮುಗಿದ ಮೇಲೆ, ಹೋಗಲಿ ಬಿಡ್ರಿ, ನಮ್ಮೂರ ಬಡವ, ಏನೋ ಒಂದು ತಪ್ಪು ಮಾಡ್ಯಾನ ಅಂದು ಸಾಲಿಯ ಗಂಟೆ ಬಾರಿಸುವ ಸಿಪಾಯಿ ಕೆಲಸ ಕೊಡಬೇಕು. ಅವರು ಹಾಗಂತ ಮಾತು ಕೊಟ್ಟಿದ್ದರು. ಬರೀ ಬಾಯಿಮಾತಲ್ಲ, ದೇವರ ಭಂಡಾರ ಮುಟ್ಟಿ ಕೊಟ್ಟ ಮಾತು.

ನಿನಗೆ ಸಜಾ ಆದದ್ದು ಖರೆ ಏನು ಎಂದು ಹೆಡ್‌ಮಾಸ್ತರರು ಕೇಳಿದರು.

"ಖರೇರಿ. ಬಿಜಾಪುರ ಜೇಲಿನ್ಯಾಗ ಇದ್ದೆ. ರೇಶನ್ ಜ್ವಾಳ ಕದ್ದದ್ದಕ್ಕ. ಸಾವಕಾರ್ರಿಗೆ ಎಲ್ಲಾ ಗೊತ್ತೈತಲ್ರಿ," ಅಂದು ಅಮಸಿದ್ದ ಸಾವಕಾರರ ಕಡೆ ನೋಡಿ ಕಣ್ಣಲ್ಲೇ ನಕ್ಕ.

ಸಾವಕಾರರು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. ಕಟ್ಟು ಅಂತ ಒಂದು ಅಡಿಕೆ ಎರಡು ಹೋಳಾಯಿತು. "ಸರಸ್ವತಿ ಇರೂ ಜಾಗಾ ಇದು," ಎಂದರು. "ಕಾಯ್ದೆ ಪ್ರಕಾರ ಆಗ್ಲಿ. ಬಾಗೇವಾಡಿ ಠಾಣೇಕ ಹೋಗು. ಒಳ್ಳೆ ನಡತಿ ಐತಿ ಅಂತ ಫೌಜದಾರ್ರ ಕಡಿಂದ ಬರಿಸ್ಕೊಂಡ ಬಾ. ಆಮ್ಯಾಲ ನೋಡೂಣು."

ಇದೂ ಆಟದ್ದೇ ಒಂದು ಭಾಗವಿರಬೇಕು ಅಂದುಕೊಂಡು ಅಮಸಿದ್ದ ಕೈ ಮುಗಿದ.

ಆ ಜೋಳದ ಕಥೆ ಹೀಗೆ. ಎಮರ್ಜೆನ್ಸಿ ಅಂತ ಒಂದು ಕಾಲ ಬಂತಲ್ಲ, ಕಾಳಸಂತೆ ಮಾಡುವವರನ್ನು ಹಿಡಿದು ಒಳಗೆ ದಬ್ಬುತ್ತಾರಂತೆ ಅಂತ ಸಿಂದಗಿ, ಇಂಡಿ ಕಡೆಯ ಅಂಗಡಿಕಾರರೆಲ್ಲ ರಾತ್ರಿ ನಿದ್ದೆ ಬಿಟ್ಟಿದ್ದ ಕಾಲ, ಆಗ ಊರಿನ ರೇಶನ್ ಅಂಗಡಿ ಗುರಪ್ಪ ಸಾವಕಾರರದೇ. ಮಂದಿಗೆ ಬಂದ ಜೋಳ ಮಂದಿಗೆ ಮುಟ್ಟದೆ ಅವರ ಮನೆಯಲ್ಲಿ ಕೂತಿತ್ತು. ಒಂದು ಸಂಜೆ ಸಾವಕಾರರ ಆಳು ಮೈಬೂಬ ಚಕ್ಕಡಿ ಹೊಡೆದುಕೊಂಡು ಅಮಸಿದ್ದನ ಕುರಿಹಟ್ಟಿಗೆ ಬಂದ. ನಾಲ್ಕು ದಿನ ಇರಲಿ ಅಂದಾರ ಸಾವಕಾರ್ರು ಅಂತ ಹೇಳಿ ಚೀಲಗಳನ್ನು ಇಳಿಸಿ ಮೇಲೆ ಹುರುಳಿ ಹೊಟ್ಟು ಮುಚ್ಚಿ ಹೋದ. ಅಮಸಿದ್ದ ಯಾಕೆ ಅಂತ ಕೇಳಲಿಲ್ಲ. ಸಾವಕಾರರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುವವನು, ಅವರ ಬಾವಿಯಲ್ಲಿ ನೀರು ಕುಡಿಸುವವನು, ಕೇಳಿ ಬದುಕುವುದು ಹ್ಯಾಗೆ?

ನಾಲ್ಕು ದಿನ ಆಗುವ ಮೊದಲೇ ಜೀಪು ಬಂತು. ಹೊಟ್ಟು ಕೆದರಿದರು, ಚೀಲ ಎಳೆದರು, ಅಮಸಿದ್ದನನ್ನೂ ಎಳೆದರು. ಆಗ ಸಾವಕಾರರು ಓಡೋಡಿ ಬಂದು, ಸಾಹೇಬರೇ ನಮ್ಮ ಮನುಷ್ಯ, ಒಂದು ಮಾತಾಡ್ತೇನಿ ಅಂದು ಅವನನ್ನು ಕುರಿಯವರ ದೇವರು ಮಾಳಿಂಗರಾಯನ ಗುಡಿಯ ಹಿಂದಕ್ಕೆ ಕರೆದುಕೊಂಡು ಹೋದರು. ಊರ ಮೇಲೆ ಕೂತು ಕೆಮ್ಮುವ ಸಾವಕಾರರ ದನಿ ಆ ದಿನ ಇಳಿದಿತ್ತು. ಕದ್ದವ ನಾನೇ ಅಂತ ಒಪ್ಪಿಕೋ, ಬಂದ ಮೇಲೆ ನಮ್ಮ ಹೈಸ್ಕೂಲಿನಲ್ಲಿ ಸಿಪಾಯಿ ಮಾಡುತ್ತೇನೆ, ತಿಂಗಳಾ ಪಗಾರ, ನಿನ್ನ ಮಕ್ಕಳು ಕುರಿಯ ಹಿಂದೆ ಮುಳ್ಳು ತುಳಿಯುವುದು ಬೇಡ ಅಂದರು. ಅಮಸಿದ್ದ ಜೀಪಿನ ಕಡೆ ನೋಡಿದ. ನಂಬಿಕೆ ಇಲ್ಲದಿದ್ದರೆ ಇಗೋ ಅಂತ ಸಾವಕಾರರೇ ಗುಡಿಯೊಳಗಿನ ಭಂಡಾರ ಮುಷ್ಟಿ ತುಂಬ ತಂದರು.

ಕುರಿಯವರ ಅಂಗೈಯಲ್ಲಿ ಆ ಹಳದಿ ಪುಡಿ ಬಿತ್ತೆಂದರೆ ಮುಗಿಯಿತು, ಆಡಿದ ಮಾತು ದೇವರದು. ಹೆಣ್ಣು ಕೊಡುವುದು, ಕುರಿ ಪಾಲಾಗುವುದು, ಕೊಲೆಗೆ ನಿಂತ ಜಗಳ ಮುರಿಯುವುದು ಎಲ್ಲ ಅದರ ಮೇಲೆಯೇ. ನೀವು ನೌಕರಿ ಕೊಡಬೇಕು, ನಾನು ಬಾಯಿ ಬಿಡಬಾರದು ಅಂತ ಇಬ್ಬರೂ ಮುಟ್ಟಿದರು. ಮುಟ್ಟಿ ಉಳಿದದ್ದನ್ನು ಅಮಸಿದ್ದ ಹೆಂಡತಿ ಚಂದವ್ವನ ಕೈಗೆ ಸುರಿದು ಜೀಪು ಹತ್ತಿದ. ಅವಳು ಅದನ್ನು ಅವನ ಕಂಬಳಿಯ ಚುಂಗಿಗೆ ಗಂಟು ಹಾಕಿ ಗೂಟಕ್ಕೆ ತೂಗಿದಳು.

ಅವನು ಬಿಡುಗಡೆಯಾಗಿ ಬರುವ ಹೊತ್ತಿಗೆ ಗೂಟದಲ್ಲಿ ಕಂಬಳಿ ಇತ್ತು, ಹಟ್ಟಿಯಲ್ಲಿ ಕುರಿ ಇರಲಿಲ್ಲ. ಒಬ್ಬಳೇ ಹೆಣ್ಣುಮಗಳು ಎಷ್ಟು ದಿನ ಕಾಯ್ದಾಳು, ಮಾರಿದ್ದಳು. ಪಾಲಿಗೆ ಕಾಯಲು ಕುರಿ ಕೊಡ್ರಿ ಅಂತ ತಂಗಡಗಿಯ ತನಕ ಹೋಗಿ ಬಂದ. ಬೀಗರು ನೀರು ಕೊಟ್ಟರು, ಊಟ ಕೊಟ್ಟರು, ಕುರಿ ಕೊಡಲಿಲ್ಲ. ಕಳ್ಳನ ಕೈಗೆ ಕುರಿ ಕೊಟ್ಟು ದಿನಾ ಎಣಿಸುತ್ತ ಕೂಡ್ರುವವರು ಯಾರು? ಉಳಿದದ್ದು ಸಾಲಿಯ ಗಂಟೆ ಒಂದೇ.

ಬಾಗೇವಾಡಿ ಠಾಣೆಯಲ್ಲಿ ಫೌಜದಾರರು ಅವನ ಮಾತು ಕೇಳುವ ಮೊದಲೇ ಬಕೀಟು ತೋರಿಸಿದರು. ಅಮಸಿದ್ದ ಜೀಪು ತೊಳೆದ. ಗಾಲಿಯ ಸಂದಿಯ ಕೆಸರನ್ನು ಕಡ್ಡಿ ಹಾಕಿ ಕೆತ್ತಿದ. ಇದೇ ಜೀಪಿನಲ್ಲಿ ತನ್ನನ್ನು ಒಯ್ದಿದ್ದರು ಅನ್ನುವುದು ಬಾಗಿಲ ತಗ್ಗು ನೋಡಿದಾಗ ನೆನಪಾಯಿತು. ಆಮೇಲೆ ಕ್ವಾರ್ಟರ್ಸಿನ ಹಿಂದೆ ಕಟ್ಟಿಗೆ ಒಡೆಸಿದರು. ಬಿಸಿಲು ಇಳಿದ ಮೇಲೆ ಅರ್ಜಿ ಕೈಗೆ ತೆಗೆದುಕೊಂಡು ಓದಿ, ಗೋಡೆಗೆ ಒರಗಿ ನಕ್ಕು, ಇದೇ ಠಾಣೆಯಿಂದ ಜೇಲಿಗೆ ಹೋದವನಿಗೆ ಇದೇ ಠಾಣೆಯವರು ಒಳ್ಳೆಯವ ಅಂತ ಬರೆದುಕೊಡಬೇಕಂತೆ ಅಂದು ಕಾಗದವನ್ನು ಅವನ ಮುಖದ ಮೇಲೆ ಒಗೆದರು. ಜೀಪು ತೊಳೆದ ಬಕೀಟಿಗೂ ಒಂದು ಒದೆ.

ಹೊರಗೆ ಹವಾಲ್ದಾರ ಅಮೀನುದ್ದೀನ ಒಂದು ಕಪ್ಪು ಚಹಾ ಕೊಡಿಸಿದ. ಬೇಡಿ ಹಾಕಿದವನು ಅವನೇ.

"ಯಾರ ಕಳಿಸಿದ್ರು ನಿನಗ ಇಲ್ಲಿ?"

"ನಮ್ಮ ಸಾವಕಾರ್ರು."

"ಏ ಹುಚ್ಚ. ನೀ ಬ್ಯಾಡ ಅನ್ನೂದನ್ನ ಅವ್ರು ನಮ್ಮ ಬಾಯಿಲೆ ಅನಿಸ್ಯಾರ, ಅಷ್ಟ." ಅಮೀನುದ್ದೀನ ಬಸಿಗೆ ಚಹಾ ಸುರಿದು ಊದಿದ. "ಆವತ್ತ ನಿನ್ನ ಹಟ್ಟ್ಯಾಗ ನಾನೂ ಇದ್ದೆಪಾ. ಚಕ್ಕಡಿ ಗಾಲಿ ಗುರ್ತ ಯಾರ ಮನಿ ಕಡಿಂದ ಬಂದಿತ್ತು ಅನ್ನೂದು ನನಗ ಕಾಣಲಿಲ್ಲ ಅಂತ ತಿಳದಿಯೇನು?"

"ಮತ್ತ ಯಾಕ ಹೇಳಲಿಲ್ರಿ?"

"ನೀ ಯಾಕ ಹೇಳಲಿಲ್ಲ?"

ಅಮಸಿದ್ದ ಚಹಾದ ಕಪ್ಪು ಕೆಳಗಿಟ್ಟ. ತನ್ನ ಅಂಗೈ ನೋಡಿಕೊಂಡ. ಭಂಡಾರ.

ಮರುದಿನ ಮುಂಜಾನೆಯ ಬಸ್ಸು ಅವನನ್ನು ಊರ ದಾರಿ ಕೂಡುವ ಕತ್ತರಿಯಲ್ಲಿ ಇಳಿಸಿದಾಗ ಸಾಲಿಯ ಗಂಟೆ ಕೇಳಿಸಿತು. ರೈಲು ಹಳಿಯ ತುಂಡಿಗೆ ಕಬ್ಬಿಣದ ಬಡಿಗೆ ಬೀಳುವ ಸಪ್ಪಳ. ಯಾರೋ ಹೊಸಬರು ಬಾರಿಸುತ್ತಿದ್ದರು, ಒಂದು ಪೆಟ್ಟು ಗಟ್ಟಿ, ಒಂದು ಪೆಟ್ಟು ಸಡಿಲು. ಹೋಗಿ ನೋಡಿದರೆ ಅಯ್ಯನವರ ತಂಗಿಯ ಮಗ ಖಂಡೆಪ್ಪ, ಖಾಕಿ ಅಂಗಿ, ಖಾಕಿ ಚೊಣ್ಣ. ಅಂಗಿ ಮೈಗೆ ಅಳತೆ ಹಿಡಿದು ಹೊಲಿದದ್ದು. ಊರ ದರ್ಜಿ ಬಾಬುಲಾಲ ಒಂದು ಗುಂಡಿ ಹಚ್ಚಲಿಕ್ಕೇ ವಾರ ತೆಗೆದುಕೊಳ್ಳುವ ಮನುಷ್ಯ. ಅಂದರೆ ತಾನು ಕೈ ಚಾಚಿ ನಿಂತಿದ್ದ ದಿನವೇ ಈ ಅಂಗಿ ಎಲ್ಲೋ ಒಂದು ಗೂಟಕ್ಕೆ ತೂಗುತ್ತಿತ್ತು.

ಅಮಸಿದ್ದ ನೇರ ಸಾವಕಾರರ ಮನೆಗೆ ನಡೆದ. ಅವರು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಅಂಗಳದಲ್ಲಿ ಮೈಬೂಬ ಎತ್ತಿನ ಕೊರಳಿಗೆ ಹಗ್ಗ ಹೊಸೆಯುತ್ತಿದ್ದ. ಅಮಸಿದ್ದನನ್ನು ನೋಡಿದವನೇ ಮುಖ ಹೊಳ್ಳಿಸಿದ.

"ಭಂಡಾರ ಮುಟ್ಟಿದ್ರಿ, ಸಾವಕಾರ್ರ," ಎಂದ ಅಮಸಿದ್ದ. ಬೈಯಬೇಕು ಅಂತ ಬಂದಿದ್ದ, ಬಾಯಿಗೆ ಬಂದದ್ದು ಇಷ್ಟೇ.

ಸಾವಕಾರರು ರೊಟ್ಟಿ ಮುರಿಯುತ್ತ ಒಳಗಿದ್ದ ಹೆಂಡತಿಯನ್ನು ಕೂಗಿದರು. "ಇಂದೂ, ಇವತ್ತ ಬ್ಯಾಳಿಗೆ ಭಂಡಾರ ಎಷ್ಟ ಹಾಕೀಯ?"

ಅಡಿಗೆ ಮನೆಯೊಳಗಿಂದ ಇಂದುಬಾಯಿ ಏನು ಅಂದಳೋ ಕೇಳಿಸಲಿಲ್ಲ.

"ಅರಿಸಿನಪುಡಿಯಲೇ ಅದು. ದಿನಾ ಪಲ್ಲೇಕ ಹಾಕ್ತೇವಿ, ದಿನಾ ಮುಟ್ಟತೇವಿ. ನಿನಗ ಬೇಕಂದ್ರ ಒಂದ ಡಬ್ಬಿ ಕೊಡಸ್ತೇನಿ, ಒಯ್ದ ಮೈಗೆ ಹಚ್ಕೊಂಡ ಕುಣಿ." ಒಂದು ತುತ್ತು ನುಂಗಿ ನೀರು ಕುಡಿದರು. "ನನ್ನ ದೇವರ ಇಲ್ಲೇ ಕೊಳ್ಳಾಗಿನ ಲಿಂಗದಾಗ ಅದಾನ. ಅದು ನಿಮ್ಮ ದೇವರು. ಬಾಯಿ ಬಿಟ್ಟಿ ಅಂದ್ರ ನಿನ್ನ ನಾಲಿಗಿಗೆ ಹುಳಾ ಬೀಳಸಾಂವ ಅಂವ, ನಾ ಅಲ್ಲ. ನಡಿ, ಉಣ್ಣೂ ಮುಂದ ನಿಲ್ಲಬ್ಯಾಡ."

ಅಮಸಿದ್ದ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಸಿಟ್ಟನ್ನು ಎಲ್ಲಿ ಚೆಲ್ಲಬೇಕು ಅನ್ನುವುದು ತಿಳಿಯದೆ ನೆಲ ಗುದ್ದಿದ. ಜೇಲಿನಲ್ಲಿ ಹಸಿದಾಗ, ಒದೆ ತಿಂದಾಗ, ಕಳ್ಳ ಅಂತ ಕರೆಸಿಕೊಂಡಾಗೆಲ್ಲ ಅವನು ಆ ಮಾತನ್ನು ಹಲ್ಲು ಕಚ್ಚಿ ಕಾಯ್ದಿದ್ದ. ತೋಳ ಬಂದರೂ ಮರಿ ಬಿಡದವನ ಹಾಗೆ ಕಾಯ್ದಿದ್ದ. ಕಾಯ್ದದ್ದು ಅರಿಸಿನಪುಡಿಯೇ?

ಚಂದವ್ವ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಚೀಲ ಇಳಿದದ್ದು ಅವಳ ಕಣ್ಣೆದುರಿಗೇ. ಗಂಡನ ಆಣೆ ಅಂತ ಅವಳೂ ಅಷ್ಟು ದಿನ ತುಟಿ ಹೊಲಿದುಕೊಂಡು, ಬಾವಿಯ ಹತ್ತಿರ ಕಳ್ಳನ ಹೆಂಡತಿ ಅನ್ನಿಸಿಕೊಂಡು ನೀರು ಹೊತ್ತಿದ್ದಳು.

"ಎಷ್ಟ ಮಂದಿ ಮುಟ್ಟಿದ್ರಿ ಭಂಡಾರಾ?" ಎಂದಳು.

"ಇಬ್ರು."

"ಹಗ್ಗದ ಆ ತುದಿ ಅಂವ ಬಿಟ್ಟಾನ. ನೀ ಈ ತುದಿ ಹಿಡಕೊಂಡು ಯಾರನ್ನ ಎಳ್ಯಾಕತ್ತಿ?"

"ದೇವರದಬೇ ಅದು. ಅಂವ ಅಂದ ಅಂತ ಅರಿಸಿನಪುಡಿ ಆಕ್ಕೈತೇನು?"

"ಅರಿಸಿನಪುಡಿ ಅಂತ ನಾ ಎಲ್ಲಿ ಅಂದೆ? ದೇವರದ ಐತಿ ಅಂತನ ಅಂತೇನಿ." ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಆವತ್ತ ಗುಡಿ ಹಿಂದ ನೀವಿಬ್ರ ಮಾತಾಡೂ ಮುಂದ ಮಾಳಿಂಗರಾಯ ಎಲ್ಲಿಗೆ ಹೋಗಿದ್ದ? ಅಲ್ಲೇ ಇದ್ದ. ಇಬ್ಬರ್ದೂ ಕೇಳ್ಯಾನ. ನಿಂದಷ್ಟ ಕೇಳಿ ಅಂವಂದು ಕೇಳದ ಇರೂವಷ್ಟು ಕಿವುಡ ಅಲ್ಲ ಅಂವ."

ಅಮಸಿದ್ದ ಉಣ್ಣಲಿಲ್ಲ. ಗೂಟದ ಕಂಬಳಿಯನ್ನೇ ನೋಡುತ್ತ ಕೂತ. ಒಂದೆರಡು ಸಲ ಏನೋ ಹೇಳಲಿಕ್ಕೆ ಬಾಯಿ ತೆರೆದು, ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿಕೊಂಡ.

ಮರುದಿನ ಸಾಲಿಯಲ್ಲಿ ಪಾಠ ನಡೆದಿತ್ತು. ಒಂದು ಕೋಣೆಯಿಂದ ಮಗ್ಗಿ, ಇನ್ನೊಂದರಿಂದ ಪದ್ಯ. ಬೇವಿನ ಗಿಡದ ಕೆಳಗೆ ಖಂಡೆಪ್ಪ ಹೊಸ ಖಾಕಿ ಹೊಲಸಾಗದಂತೆ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಕೂತಿದ್ದ. ಕಂಬಳಿ ಹೊದ್ದು ಬಂದ ಅಮಸಿದ್ದ ಅವನ ಮುಂದೆ ಕೈ ಚಾಚಿದ.

"ಬಡಿಗಿ ಕೊಡು ಇಲ್ಲಿ."

"ಯಾಕೋ ಕಾಕಾ? ಇನ್ನಾ ಟೈಮ್ ಆಗಿಲ್ಲ."

"ಆಗೇತಿ. ಕೊಡು."

ದನಿಯಲ್ಲಿ ಏನಿತ್ತೋ, ಹುಡುಗ ಕೊಟ್ಟುಬಿಟ್ಟ. ಅಮಸಿದ್ದ ಕಂಬಳಿಯ ಚುಂಗಿನ ಗಂಟು ಹಲ್ಲಿನಿಂದ ಬಿಚ್ಚಿದ. ಗಡ್ಡೆಗಟ್ಟಿದ ಭಂಡಾರವನ್ನು ಅಂಗೈಯಲ್ಲಿ ಪುಡಿ ಮಾಡಿ ಹಳಿಯ ತುಂಡಿಗೆ ಮೇಲಿನಿಂದ ಕೆಳತನಕ ಬಳಿದ. "ಮಾಳಿಂಗರಾಯ, ಆ ತುದಿ ಅಂವ ಬಿಟ್ಟಾನ, ಈ ತುದಿ ನಾ ಬಿಟ್ಟೆ," ಎಂದ. "ತಪ್ಪ ನಂದಿದ್ರ ನಾಲಿಗಿ ನಿಂದು, ತಗೋ."

ಆಮೇಲೆ ಬಾರಿಸಿದ. ತಾಸು ತಿಳಿಸುವ ಬಿಡಿ ಪೆಟ್ಟಲ್ಲ, ಸಾಲಿ ಬಿಡುವಾಗ ಬಾರಿಸುವ ಸಾಲು ಪೆಟ್ಟು. ಮಗ್ಗಿ ನಿಂತಿತು, ಪದ್ಯ ನಿಂತಿತು, ಹುಡುಗರು ಹೋ ಅಂತ ಹೊರಬಿದ್ದರು. ಹೆಡ್‌ಮಾಸ್ತರರು ಕಣ್ಣಿನ ಚಾಳೀಸು ಕೈಯಲ್ಲಿ ಹಿಡಿದು ಓಡಿ ಬಂದು ಖಂಡೆಪ್ಪನನ್ನು ಬೈದರು. ಗಂಟೆ ನಿಲ್ಲಲಿಲ್ಲ. ಎಲ್ಲೋ ಬಣವೆಗೆ ಬೆಂಕಿ ಬಿದ್ದಿರಬೇಕು ಅಂತ ಚಾವಡಿಯ ಕಟ್ಟೆಯ ಮಂದಿ ಬಂದರು, ಗಿರಣಿಯ ಮುಂದೆ ಪಾಳಿ ಹಚ್ಚಿದ ಹೆಂಗಸರು ಬುಟ್ಟಿ ಹೊತ್ತುಕೊಂಡೇ ಬಂದರು, ಚಂದವ್ವ ಬಂದು ಮಂದಿಯ ಮುಂದೆ ನಿಂತಳು. ಕೊನೆಗೆ ಮಂದಿ ದಾರಿ ಬಿಟ್ಟಿತು. ಸಾವಕಾರರು, ಅವರ ಹಿಂದೆ ಬಾರುಕೋಲು ಹಿಡಿದ ಮೈಬೂಬ.

ಅಮಸಿದ್ದ ಬಡಿಗೆ ತಡೆದ.

"ನಾ ಜ್ವಾಳ ಕದ್ದಿಲ್ಲ. ನಿಮ್ಮ ಪಾಲಿನ ರೇಶನ್ ಜ್ವಾಳ ನನ್ನ ಹಟ್ಟಿಗೆ ಬಂದದ್ದು ಸಾವಕಾರ್ರ ಚಕ್ಕಡ್ಯಾಗ. ಹೊಡಕೊಂಡ ಬಂದಾಂವ ಇಲ್ಲೇ ನಿಂತಾನ."

ಅಷ್ಟೂ ಮಂದಿಯ ಕಣ್ಣು ಮೈಬೂಬನ ಮೇಲೆ ಬಿತ್ತು. ಮೈಬೂಬ ತಲೆ ತಗ್ಗಿಸಿ ಬಾರುಕೋಲಿನ ತುದಿಯಿಂದ ಮಣ್ಣು ಕೆದರಿದ.

"ಏನ ಮಾಡಾಕತ್ತಿಯಲೇ ಬ್ವಾಸಡಿಮಗನ, ಸಾಲ್ಯಾಗ?" ಎಂದರು ಸಾವಕಾರರು. ದನಿ ಆವತ್ತು ಗುಡಿಯ ಹಿಂದೆ ಇಳಿದ ಹಾಗೆಯೇ ಇಳಿದಿತ್ತು.

"ನೌಕರಿ ಮಾಡಾಕತ್ತೇನ್ರೀ, ಸಾವಕಾರ್ರ," ಅಂದು ಅಮಸಿದ್ದ ಮತ್ತೆ ಹೊಡೆದ. ಇನ್ನೊಮ್ಮೆ ಹೊಡೆದ. ಪೆಟ್ಟು ಪೆಟ್ಟಿಗೂ ಹಳಿಯಿಂದ ಹಳದಿ ಉದುರಿ ಅವನ ತಲೆಯ ಮೇಲೆ, ಹೆಗಲ ಮೇಲೆ ಬೀಳುತ್ತಿತ್ತು. ಮೈಬೂಬ ಇನ್ನೂ ತಲೆ ಎತ್ತಿರಲಿಲ್ಲ.